ಸಿಡಿಲಣ್ಣನಿಗೆ ಮೈ ಕೊಟ್ಟವನು

ಹಿಂದಿನ ಕೋಣೆಯ ತೊಲೆಯಿಂದ ಒಂದು ಮೂಟೆ ನೇತಾಡುತ್ತಿತ್ತು. ಹರಿದ ಹೊದಿಕೆ, ಬಣ್ಣ ಹೋದ ಪರದೆ, ಮಗುವಿಗೆ ಗಿಡ್ಡವಾದ ಅಂಗಿ ಎಲ್ಲವನ್ನೂ ತುರುಕಿ ಬಾಯಿ ಹೊಲಿದ ಮೂಟೆ. ಊರೆಲ್ಲ ಗೂಳಿ ಎಂದು ಕರೆಯುವ ಅಣ್ಣ ಅದಕ್ಕೆ ಗುದ್ದಿದಾಗಲೆಲ್ಲ ಸೂರಿನಿಂದ ಸುಣ್ಣದ ಪುಡಿ ಉದುರಿ ತಂಗಿಯ ಹಾಳೆಯ ಮೇಲೆ ಬೀಳುತ್ತಿತ್ತು. ಅವಳು ಉಫ್ ಎಂದು ಊದಿ ಮತ್ತೆ ಪೆನ್ಸಿಲ್ ಆಡಿಸುತ್ತಿದ್ದಳು.

"ಅಣ್ಣಾ, ಹಾಗೇ ನಿಲ್ಲು. ಭುಜ ಇಳಿಸಬೇಡ."

"ಎಷ್ಟೊತ್ತೇ ಪುಟ್ಟಿ? ಮೂಗಿನ ಮೇಲೆ ನೊಣ ಕೂತಿದೆ."

"ಸಿಡಿಲಣ್ಣ ನೊಣಕ್ಕೆ ಹೆದರ್ತಾನಾ?"

"ಸಿಡಿಲಣ್ಣನ ಮೂಗಿಗೆ ಮುಖವಾಡ ಇದೆ ಕಣೇ. ನನಗೆಲ್ಲಿದೆ?"

ಪಕ್ಕದ ಕೋಣೆಯಲ್ಲಿ ಅವಳ ಗಂಡ ನಕ್ಕ. ಅವನದು ಚಿತ್ರಕಥೆಗಳಿಗೆ ಅಕ್ಷರ ಬರೆಯುವ ಕೆಲಸ. ಪಾತ್ರಗಳ ಮಾತನ್ನು, ಗುದ್ದಿನ ಸದ್ದನ್ನು ಕೈಯಿಂದಲೇ ಬರೆಯುತ್ತಿದ್ದ. ಕಡ್ಡಿ ಮೈ, ಮೆಲು ಮಾತು. ಗೂಳಿ ಅವನನ್ನು 'ಅಕ್ಷರದ ಭಾವ' ಎಂದು ಕರೆದು ಬೆನ್ನಿಗೆ ತಟ್ಟಿದರೆ ಪಾಪ, ಆ ತಟ್ಟು ಊಟ ಮುಗಿಯುವವರೆಗೂ ಉರಿಯುತ್ತಿತ್ತು.

ಸಿಡಿಲಣ್ಣನನ್ನು ಹುಟ್ಟಿಸಿದ್ದು ಅಣ್ಣತಂಗಿಯರ ಅಪ್ಪ. ಕರೆಂಟ್ ಕಂಬದ ಮೇಲೆ ಸಿಡಿಲು ಬಡಿದರೂ ಸಾಯದೆ, ಆ ಸಿಡಿಲನ್ನೇ ಮುಷ್ಟಿಯಲ್ಲಿ ಹಿಡಿದು ಇಳಿದು ಬಂದ ಲೈನ್‌ಮನ್‌ನ ಚಿತ್ರಕಥೆ ಅದು. ಒಂದು ಕಾಲದಲ್ಲಿ ಮಕ್ಕಳು ಅಂಗಡಿ ಮುಂದೆ ಪುಸ್ತಕಕ್ಕಾಗಿ ಜುಟ್ಟು ಹಿಡಿದು ಕಿತ್ತಾಡುತ್ತಿದ್ದರು. ಮಗನಿಗೆ ಮೀಸೆ ಮೂಡುವ ಹೊತ್ತಿಗೆ ಅಪ್ಪ ಅವನನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆಯತೊಡಗಿದ. ಶಾಲೆಯ ಗೇಟಿಗೆ ತಲೆ ಕೊಟ್ಟು ಗೇಟನ್ನೇ ಬೀಳಿಸಿದ ದಿನದಿಂದ ಗೂಳಿ ಎಂಬ ಹೆಸರು ಅಂಟಿಕೊಂಡಿದ್ದ ಹುಡುಗ, ಈಗ ಸಿಡಿಲಣ್ಣನ ಎದೆ, ಬೆನ್ನು, ಮುಷ್ಟಿ ಎಲ್ಲವೂ ಆದ. ಮುಖವಾಡದಿಂದಾಗಿ ಮುಖವೊಂದು ಕಾಣುತ್ತಿರಲಿಲ್ಲ, ಅಷ್ಟೆ.

ಅವನು ಅದನ್ನು ಆಟವೆಂದುಕೊಳ್ಳಲಿಲ್ಲ. ತಂಗಿಯ ಚೀಲ ಎಳೆದ ಹುಡುಗನೊಬ್ಬನನ್ನು ಹಿಡಿದು, ಅವನ ಕೆನ್ನೆಯನ್ನು ಒರಟು ಕಾಂಪೌಂಡ್ ಗೋಡೆಗೆ ಒತ್ತಿ ಆ ತುದಿಯಿಂದ ಈ ತುದಿಯವರೆಗೆ ಉಜ್ಜಿಕೊಂಡು ಹೋಗಿದ್ದ. ಗೋಡೆಯ ಮೇಲೆ ಉಳಿದ ಕೆಂಪು ಗೆರೆಯನ್ನು ತಂಗಿ ನಿಂತು ನೋಡಿದ್ದಳು. ಆಗ ಅವಳಿಗೆ ಅಯ್ಯೋ ಎನ್ನಿಸಿರಲಿಲ್ಲ. ಹೊಟ್ಟೆ ತಣ್ಣಗಾಗಿತ್ತು.

ಅಪ್ಪನ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಪುಟದಲ್ಲಿ ಗುದ್ದಿನ ಚಿತ್ರವಿರುವ ಪ್ರತಿ ಚೌಕದ ಪಕ್ಕದಲ್ಲಿ ಒಂದು ಸಣ್ಣ ಚೌಕ ಇರಲೇಬೇಕು, ಅದರಲ್ಲಿ ಏಟು ತಿಂದವನೊಬ್ಬನೇ. ಅವನ ಮುಖವೋ, ಕಳಚಿ ಬಿದ್ದ ಚಪ್ಪಲಿಯೋ, ಅವನು ನೆಲಕ್ಕೆ ಊರಿದ ಕೈಯೋ.

"ಹೊಡೆದೋನು ಕೈ ಕೊಡವಿಕೊಂಡು ಮನೆಗೆ ಹೋಗ್ತಾನೆ," ಎನ್ನುತ್ತಿದ್ದ ಅಪ್ಪ. "ತಿಂದೋನು ಏನಾದ ಅಂತ ಓದೋ ಮಕ್ಕಳು ಕೇಳ್ತವೆ. ಹೇಳದೆ ಮುಂದಕ್ಕೆ ಹೋಗೋಹಾಗಿಲ್ಲ."

ಅಪ್ಪ ಹೋದ ಮೇಲೆ ಸಿಡಿಲಣ್ಣನೂ ನಿಂತ. ತಂಗಿ ಅಂಗಡಿ ಬೋರ್ಡು, ಶಾಲೆ ಪುಸ್ತಕದ ಹಣ್ಣುಹಂಪಲು ಬರೆದುಕೊಂಡು ದಿನ ದೂಡಿದಳು. ಗೂಳಿ ಹೋದ ಕೆಲಸದಲ್ಲೆಲ್ಲ ಯಾರ ಕೊರಳಪಟ್ಟಿಗಾದರೂ ಕೈ ಹಾಕಿ ಹೊರಬಿದ್ದ. ಕೊನೆಗೆ ಕೈ ಹಾಕುವುದೇ ಕೆಲಸವಾಗಿರುವ ಜಾಗ ಸಿಕ್ಕಿತು, ಬಾರೊಂದರ ಬಾಗಿಲು. ಕುಡಿದು ಗಲಾಟೆ ಮಾಡಿದವರನ್ನು ಹೊರಗೆ ಹಾಕುವುದು. ಅಲ್ಲಿಂದ ಅವನ ಅಂಗಿಗಳು ರಕ್ತ ಮಾಡಿಕೊಂಡು ಬರತೊಡಗಿದವು. ತಂಗಿ ಅವನ್ನು ತಣ್ಣೀರಲ್ಲಿ ನೆನೆಹಾಕುತ್ತಿದ್ದಳು. ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಯಾರ ರಕ್ತ ಎಂದು ಕೇಳುತ್ತಿರಲಿಲ್ಲ.

ಹೀಗಿರುವಾಗ ಒಬ್ಬ ಪ್ರಕಾಶಕಿ ಸಿಡಿಲಣ್ಣನನ್ನು ಮತ್ತೆ ಎಬ್ಬಿಸಲು ಹೊರಟಳು. ಹೊಸ ಸರಣಿ, ಹೊಸ ಬಣ್ಣ, ಮೊದಲ ಸಂಚಿಕೆ ಮಗಳ ಕೈಯಿಂದಲೇ. ಸುದ್ದಿ ಕೇಳಿ ಗೂಳಿ ತಂಗಿಯನ್ನು ಮಗುವಿನ ಸಮೇತ ಎತ್ತಿ ಗಿರಗಿರ ತಿರುಗಿಸಿದ. ಬೀದಿಯಲ್ಲಿ ಸಿಕ್ಕಸಿಕ್ಕವರಿಗೆ, "ನಾನೇ ಕಣ್ರೀ, ನಾನೇ ಮತ್ತೆ ಬರ್ತಿದೀನಿ," ಎಂದು ಸಾರಿಕೊಂಡು ಬಂದ.

ಆದರೆ ಪ್ರಕಾಶಕಿಗೆ ಕೊನೆಯ ಹೊಡೆದಾಟದ ಪುಟಗಳು ಹಿಡಿಸಲಿಲ್ಲ.

"ಈ ಸಣ್ಣ ಚೌಕಗಳನ್ನೆಲ್ಲ ತೆಗೀರಮ್ಮ, ಓಟ ನಿಂತುಹೋಗುತ್ತೆ. ಗುದ್ದಿನ ಮೇಲೆ ಗುದ್ದು ಬರಬೇಕು. ಇನ್ನೊಂದು, ನಿಮ್ಮ ಖಳ ಬೀಳೋದು ಮೂಟೆ ಬಿದ್ದ ಹಾಗಿದೆ."

ಮೂಟೆ ನೋಡಿ ಬರೆದರೆ ಮೂಟೆಯ ಹಾಗೇ ಬೀಳುತ್ತದೆ. ತಂಗಿ ಮನೆಗೆ ಬಂದು ಅದನ್ನೇ ಹೇಳಿಕೊಂಡು ಮುಖ ಸಣ್ಣ ಮಾಡಿದಳು. ಗೂಳಿ ಅವಳ ತಲೆ ಸವರಿದ.

"ಇಷ್ಟಕ್ಕೆ ಅಳ್ತಾರಾ? ನಾಳೆ ಬಾರ್ ಹತ್ರ ಬಾ. ಎದುರುಗಡೆ ಔಷಧಿ ಅಂಗಡಿ ಮೆಟ್ಟಿಲ ಮೇಲೆ ಕೂತ್ಕೋ. ನಿಜವಾದ್ದು ಹೇಗಿರುತ್ತೆ ನೋಡ್ಕೋ."

ಅವಳು ಬೇಡ ಎನ್ನಲಿಲ್ಲ. ಮಗುವನ್ನು ಗಂಡನ ಬಳಿ ಬಿಟ್ಟು, ಹಲಗೆ ಹಾಳೆ ಹಿಡಿದು ಹೋದಳು.

ಮಧ್ಯಾಹ್ನದ ಬಿಸಿಲು. ಬಹಳ ಹೊತ್ತು ಏನೂ ನಡೆಯಲಿಲ್ಲ. ಆಮೇಲೆ ಒಬ್ಬ ಟೈಲ್ಸ್ ಮೇಸ್ತ್ರಿ ಹೊರಗೆ ಬಂದ. ಮೊಣಕಾಲಿನ ಮೇಲೆ ಒಣಗಿದ ಸಿಮೆಂಟು, ಕೈಚೀಲದಿಂದ ಇಣುಕುವ, ನೆಲ ಸಮವಿದೆಯೇ ಎಂದು ನೋಡುವ ರಸಮಟ್ಟ. ಒಳಗೆ ಏನೋ ಮಾತಿಗೆ ಮಾತು ಬೆಳೆದಿತ್ತು. ಗೂಳಿ ಅವನ ತೋಳು ಹಿಡಿದು ಹೊರಗೆ ಬಿಟ್ಟ. ಮೇಸ್ತ್ರಿ ತೋಳು ಸವರಿಕೊಂಡು ಮೆಟ್ಟಿಲಿಳಿದ. ಮುಗಿಯಿತು. ಅವನು ಹೊರಟೇಬಿಟ್ಟಿದ್ದ.

ಗೂಳಿ ಒಮ್ಮೆ ತಂಗಿಯ ಕಡೆ ನೋಡಿದ. ಅವಳ ಪೆನ್ಸಿಲ್ ಇನ್ನೂ ಹಾಳೆಗೆ ತಾಗಿರಲಿಲ್ಲ.

"ಏಯ್, ಏನಂದೆ?" ಎಂದು ಮೇಸ್ತ್ರಿಯನ್ನು ಕೂಗಿದ.

"ನಾನೇನೂ ಅನ್ನಲಿಲ್ಲಪ್ಪ."

"ಅಂದೆ. ಬಾ ಇಲ್ಲಿ."

ಮೊದಲ ಗುದ್ದಿಗೆ ದವಡೆ ಪಕ್ಕಕ್ಕೆ ಸರಿದದ್ದು ಅವಳಿಗೆ ಕಂಡಿತು. ಸದ್ದು ಗಂಡ ಬರೆಯುವ ಯಾವ ಅಕ್ಷರದಂತೆಯೂ ಇರಲಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತಿತ್ತು. ಮೇಸ್ತ್ರಿ ಮೂಟೆಯಂತೆ ಬೀಳಲಿಲ್ಲ. ಮೊದಲು ಮಂಡಿ ಮಡಿಯಿತು, ಆಮೇಲೆ ಕೈಗಳು ಯಾವುದನ್ನೋ ಹುಡುಕಿದವು, ಬಾಯಿಂದ ಎಳೆಯಾಗಿ ರಕ್ತ ಇಳಿಯಿತು. ಗೂಳಿ ಅವನ ಕೊರಳಪಟ್ಟಿ ಹಿಡಿದೆತ್ತಿ ಮತ್ತೆ ಹೊಡೆದ. ಮತ್ತೆ ಎತ್ತಿದ. ರಸಮಟ್ಟ ಚೀಲದಿಂದ ಜಾರಿ ಒಡೆಯಿತು. ಒಂದು ಹಲ್ಲು ಮೆಟ್ಟಿಲಿನ ಮೇಲೆ ಪುಟಿದು ನಿಂತಿತು. ಮೇಸ್ತ್ರಿಯ ಮೇಲೆ ಬಿದ್ದ ಎಲ್ಲ ಗುದ್ದುಗಳೂ ಹಾಳೆಗೆ ಬಂದವು. ಅವಳ ಕೈ ನಿಲ್ಲಲಿಲ್ಲ. ಇಷ್ಟು ಚೆನ್ನಾಗಿ ಅದು ಎಂದೂ ಓಡಿರಲಿಲ್ಲ.

ಗೂಳಿ ಏದುಸಿರು ಬಿಡುತ್ತ ರಸ್ತೆಯಾಚೆಯಿಂದ ಕೇಳಿದ:

"ಸಿಕ್ತಾ ಪುಟ್ಟಿ?"

ಅವಳು ತಲೆಯಾಡಿಸಿದಳು.

ಪೊಲೀಸರು ಬಂದರು. ಬಾರಿನ ಯಜಮಾನ, ಕುಡಿದು ಮೆಟ್ಟಿಲ ಮೇಲಿಂದ ಬಿದ್ದ ಎಂದ. ಪೇದೆ ಎದುರು ಕೂತಿದ್ದವಳನ್ನೂ ಕೇಳಿದ.

"ನೀವು ಇಲ್ಲೇ ಇದ್ರಲ್ಲಮ್ಮ. ಏನಾಯ್ತು?"

"ನಾನು ಚಿತ್ರ ಬರೀತಾ ಇದ್ದೆ," ಎಂದಳು. "ನೋಡಲಿಲ್ಲ."

ಪೇದೆ ಅದನ್ನು ನಂಬಿದ. ಚಿತ್ರ ಬರೆಯುವವರೆಂದರೆ ತಲೆ ತಗ್ಗಿಸಿ ಲೋಕ ಮರೆತವರು ಎಂದುಕೊಂಡಿರಬೇಕು.

ಹೊಸ ಪುಟ ನೋಡಿ ಪ್ರಕಾಶಕಿ ಕುರ್ಚಿಯಿಂದ ಎದ್ದಳು. "ಈಗ ಜೀವ ಬಂತು ನೋಡಿ!" ಎಂದಳು. ತಂಗಿ ಮನೆಗೆ ಬಂದಳು. ಮಗುವಿಗೆ ತುತ್ತು ಕೊಡಲು ಕೂತರೆ ಅದರ ಬಾಯಲ್ಲಿ ಆಗತಾನೆ ಮೊಳೆತ ಹಲ್ಲು ಕಂಡಿತು. ಅವಳು ಚಮಚ ಕೆಳಗಿಟ್ಟಳು.

ಮರುದಿನ ಮಗು ಕೊಳವೆಯಿಂದ ಹೀರಿ ಕುಡಿಯುವಂಥ ಹೊಸ ಬಟ್ಟಲೊಂದನ್ನು ಚೀಲಕ್ಕೆ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು. ದವಡೆ ಒಡೆದವರಿಗೆ ಅಗಿಯಲಾಗುವುದಿಲ್ಲ, ಹೀರಲಾಗುತ್ತದೆ. ಬೇರೇನು ಒಯ್ಯಬೇಕೆಂದು ಅವಳಿಗೆ ತೋಚಲಿಲ್ಲ.

ಮೇಸ್ತ್ರಿಯ ಮುಖ ಕುಂಬಳಕಾಯಿಯಷ್ಟು ಊದಿತ್ತು. ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರು. ಹೆಂಡತಿ ಮಂಚದ ಕೆಳಗೆ ಮಲಗಿದ್ದಳು, ಹೊರಗಿನವರು ಬಂದದ್ದು ತಿಳಿದು ಗಡಬಡಿಸಿ ಎದ್ದಳು.

"ಯಾರಮ್ಮ ನೀವು?"

ತಂಗಿ ಬಾಯಿ ತೆರೆಯುವ ಮೊದಲೇ ಮೇಸ್ತ್ರಿಯ ಕಣ್ಣು ಅವಳ ಮೇಲೆ ನೆಟ್ಟಿತು. ಅವನು ಬೆರಳೆತ್ತಿ ಹಾಸಿಗೆಯ ಮೇಲೆ ಗೀಚುವಂತೆ ಆಡಿಸಿದ, ಸರಸರ, ಮೇಲೆ ಕೆಳಗೆ. ಆಮೇಲೆ ಅದೇ ಬೆರಳನ್ನು ಅವಳ ಕಡೆ ತೋರಿಸಿದ.

ಭೂಮಿ ಬಾಯ್ತೆರೆದಿದ್ದರೆ ಅವಳು ಒಳಗೆ ಇಳಿದುಬಿಡುತ್ತಿದ್ದಳು. ಬಟ್ಟಲನ್ನು ಹೆಂಡತಿಯ ಕೈಗಿಟ್ಟಳು.

"ಇದರಲ್ಲಿ ಬಿಸಿ ಗಂಜಿ ಹಾಕಬೇಡಿ, ಉಗುರು ಬೆಚ್ಚಗಿರಲಿ. ನಾನು ಮತ್ತೆ ಬರ್ತೀನಿ," ಎಂದಷ್ಟೇ ಹೇಳಿ ಹೊರಟಳು.

ಗೂಳಿ ಆ ದಿನ ಹಿಂದಿನ ಕೋಣೆಯಲ್ಲಿ ಮಗುವನ್ನು ಮೂಟೆಯ ಮೇಲೆ ಕೂರಿಸಿ ಉಯ್ಯಾಲೆ ಆಡಿಸುತ್ತಿದ್ದ. ಅವಳು ಮಗುವನ್ನು ಇಳಿಸಿಕೊಂಡು ಗಂಡನ ಕೈಗೆ ಕೊಟ್ಟಳು.

"ಅಣ್ಣಾ, ನಾನು ಸ್ಟೇಷನ್‌ಗೆ ಹೋಗ್ತೀನಿ. ನೋಡಿದ್ದು ಹೇಳ್ತೀನಿ. ಹಾಳೆಗಳನ್ನೂ ಕೊಡ್ತೀನಿ."

ಅವನು ನಕ್ಕ. "ಏನು ನೋಡ್ದೆ?"

"ಅವನು ಹೊರಟಿದ್ದ. ನೀನೇ ಕರೆದು ಹೊಡೆದೆ."

"ಯಾರಿಗೋಸ್ಕರ ಹೊಡೆದೆ?"

"ನನಗೋಸ್ಕರ. ಅದನ್ನೂ ಹೇಳ್ತೀನಿ."

ನಗು ಹಾಗೇ ಮುಖದ ಮೇಲೆ ಗಟ್ಟಿಯಾಯಿತು. ಅವನು ತಂಗಿಯ ಕಡೆ ಬರಲಿಲ್ಲ, ಭಾವನ ಕಡೆ ತಿರುಗಿದ.

"ಇವನ ಉಪದೇಶನಾ ಇದು? ಲೋ ಅಕ್ಷರ, ಮನೇಲಿ ಕೂತ್ಕೊಂಡು ನನ್ನ ತಂಗಿ ಕಿವಿ ಊದ್ತೀಯಾ?"

"ಭಾವ, ಮಗು ಇದೆ ಕೈಲಿ—" ಎಂದ ತಂಗಿಯ ಗಂಡ.

ಗೂಳಿ ಮಗುವನ್ನು ನಾಜೂಕಾಗಿ ಬಿಡಿಸಿ ಚಾಪೆಯ ಮೇಲಿಟ್ಟ. ಆಮೇಲೆ ಭಾವನ ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿದ. ಕನ್ನಡಕ ಹಾರಿತು. ಇನ್ನೊಮ್ಮೆ ಅಪ್ಪಳಿಸಿದ. ಮೂಗಿನಿಂದ ರಕ್ತ ಬುಳಬುಳನೆ ಇಳಿಯಿತು. ಮಗು ಕಿಟಾರನೆ ಕಿರುಚಿತು. ಮೂರನೆಯದಕ್ಕೆ ಗೂಳಿಯ ಮುಷ್ಟಿ ಹಿಂದಕ್ಕೆ ಹೋಯಿತು. ಅದು ಎಲ್ಲಿವರೆಗೆ ಹೋಗಿ ಎಲ್ಲಿಗೆ ಬರುತ್ತದೆ ಎಂದು ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ.

ಮೇಜಿನ ಮೇಲೆ ಅಪ್ಪನ ಕಾಲದ ದಪ್ಪ ಗಾಜಿನ ಶಾಯಿ ಬುಡ್ಡಿ ಇತ್ತು. ಅವಳು ಅದನ್ನು ಹಿಡಿದು, ಸೊಂಟದಿಂದ ಮೈ ತಿರುಗಿಸಿ, ಭುಜ ಇಳಿಸದೆ ಬೀಸಿದಳು. ಅವನ ಹುಬ್ಬಿನ ಮೇಲೆ ಬುಡ್ಡಿ ಒಡೆಯಿತು. ಕಪ್ಪೂ ಕೆಂಪೂ ಕೂಡಿ ಮುಖದ ತುಂಬ ಇಳಿಯಿತು. ಅವನು ಮಂಡಿಯೂರಿದ. ಅವಳ ಅಂಗೈಗೆ ಗಾಜು ಹೊಕ್ಕಿತ್ತು. ಆದರೂ ಇನ್ನೊಂದು ಬಾರಿಸುವ ಆಸೆ ತೋಳಿನೊಳಗೆ ಜುಮ್ಮೆಂದಿತು. ಆ ಆಸೆಯೇ ಅವಳನ್ನು ಹೆದರಿಸಿತು.

ಗೂಳಿ ಒಂದು ಕಣ್ಣು ಮುಚ್ಚಿಕೊಂಡು ಅವಳನ್ನು ನೋಡಿದ.

"ಚೆನ್ನಾಗೇ ಹೊಡೀತೀಯಲ್ಲೇ," ಎಂದ. ದನಿಯಲ್ಲಿ ಮೆಚ್ಚುಗೆ ಇತ್ತು.

"ನಿನ್ನನ್ನೇ ನೋಡಿ ಕಲ್ತಿದ್ದು. ಕೈ ತೆಗಿ, ಗಾಯ ನೋಡಬೇಕು."

ಅವಳು ಮೊದಲು ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಿದಳು. ಗಂಡನ ಮೂಗಿಗೆ ಒದ್ದೆ ಬಟ್ಟೆ ಕೊಟ್ಟು ತಲೆ ಮುಂದಕ್ಕೆ ಬಗ್ಗಿಸಲು ಹೇಳಿದಳು. ಆಮೇಲೆ ತಣ್ಣೀರಲ್ಲಿ ಅಣ್ಣನ ಹುಬ್ಬು ತೊಳೆದು ಗಾಜಿನ ಚೂರು ಆರಿಸಿದಳು. ರಕ್ತ ಹೋಯಿತು. ಶಾಯಿ ಹೋಗಲಿಲ್ಲ.

"ಹೋಗ್ಲೇಬೇಕಾ ಪುಟ್ಟಿ?" ಎಂದು ಅವನು ಕೇಳಿದ್ದು ಚಿಕ್ಕವನ ದನಿಯಲ್ಲಿ.

"ಹೂಂ."

ಅವಳು ಹೋದಳು. ನೋಡಲಿಲ್ಲ ಎಂದದ್ದು ಸುಳ್ಳು ಎಂದು ಹೇಳಿ ಬೈಸಿಕೊಂಡಳು. ಹಾಳೆಗಳನ್ನು ಮೇಜಿನ ಮೇಲೆ ಹರವಿದಾಗ ಹೊರಗಿದ್ದ ಪೇದೆಗಳೂ ಬಂದು ಬಗ್ಗಿ ನೋಡಿದರು. ಸಂಜೆಯೊಳಗೆ ಗೂಳಿಯನ್ನು ಕರೆದೊಯ್ದರು. ಅವನು ಯಾರ ಮೇಲೂ ಕೈ ಮಾಡಲಿಲ್ಲ.

ಸಂಚಿಕೆಯ ಕೊನೆಯ ಪುಟಗಳನ್ನು ಅವಳು ಹೊಸದಾಗಿ ಬರೆದಳು. ಅಪ್ಪನ ಸಣ್ಣ ಚೌಕಗಳು ಮರಳಿದವು. ಒಡೆದ ರಸಮಟ್ಟ, ಮೆಟ್ಟಿಲ ಮೇಲಿನ ಹಲ್ಲು, ಹಿಡಿಯಲು ಏನೂ ಸಿಗದ ಕೈ. ಖಳನ ಮುಖವನ್ನು ಮಾತ್ರ ಬೇರೆ ಮಾಡಿದಳು. ಮೇಸ್ತ್ರಿಯನ್ನು ಊರೆಲ್ಲ ನೋಡುವಂತೆ ಇನ್ನೊಮ್ಮೆ ಬೀಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಪ್ರಕಾಶಕಿ ಹಾರಾಡಿದಳು, "ಹೊಡೆದಾಟ ನೋಡಿ ಖುಷಿಯಾಗಬೇಕಮ್ಮ, ಹೊಟ್ಟೆ ಕಿವುಚಬಾರದು!" ಎಂದಳು. ಅಚ್ಚಿಗೆ ಹೋಗುವ ದಿನ ತಲೆ ಮೇಲೆ ಬಂದಿತ್ತು. ಗೊಣಗುತ್ತಲೇ ಒಪ್ಪಿದಳು.

ಮೊದಲ ಪ್ರತಿ ಕೈಗೆ ಬಂದಾಗ ಅವಳು ಜೈಲಿಗೆ ಹೋದಳು. ಭೇಟಿಯ ಕೋಣೆಯಲ್ಲಿ ನಡುವೆ ದಪ್ಪ ಜಾಲರಿ, ಒಂದು ಬೆರಳೂ ತೂರದಂಥದ್ದು. ಗೂಳಿ ಇಳಿದುಹೋಗಿದ್ದ. ಹುಬ್ಬಿನ ಗಾಯ ಮಾಗಿತ್ತು, ಅದರೊಳಗೆ ಶಾಯಿ ಉಳಿದು ಕಪ್ಪು ಗೆರೆಯಾಗಿತ್ತು.

"ತಂದ್ಯಾ? ತೋರ್ಸು, ತೋರ್ಸು."

ಅವಳು ಪುಸ್ತಕವನ್ನು ಜಾಲರಿಗೆ ಒತ್ತಿ ಹಿಡಿದು ಒಂದೊಂದೇ ಪುಟ ತಿರುಗಿಸಿದಳು. ಸಿಡಿಲಣ್ಣ ಕಂಬ ಹತ್ತಿದ, ಸಿಡಿಲು ಹಿಡಿದ. ಗೂಳಿಯ ಕಣ್ಣುಗಳು ಮಿನುಗಿದವು. "ನನ್ನ ಬೆನ್ನು ನೋಡೇ! ಹೇಗೆ ಬಂದಿದೆ! ಇಲ್ಲಿ ನೊಣ ಕೂತಿತ್ತಲ್ಲ?" ಎಂದು ನಕ್ಕ. ಅವಳಿಗೂ ನಗು ಬಂತು.

ಕೊನೆಯ ಹೊಡೆದಾಟ ಬಂತು. ಅವನು ದೊಡ್ಡ ಚೌಕದ ಮುಷ್ಟಿಯನ್ನು ನೋಡಿದ. ಪಕ್ಕದ ಸಣ್ಣ ಚೌಕಕ್ಕೆ ಅವನ ಕಣ್ಣು ಹೋಗಿ, ತಕ್ಷಣ ಹಿಂದಕ್ಕೆ ಬಂತು.

"ತಿರುಗಿಸು," ಎಂದ.

ಅವಳು ತಿರುಗಿಸಲಿಲ್ಲ.

"ಪುಟ್ಟಿ, ತಿರುಗಿಸೇ. ನೋಡಾಯ್ತು."

"ಇನ್ನೂ ಆಗಿಲ್ಲಣ್ಣ."

ಕಾವಲಿನವನು ಹೊತ್ತಾಯಿತೆಂದು ಬಾಗಿಲು ತಟ್ಟಿದ. ಅವಳು ಪುಸ್ತಕವನ್ನು ಹಾಗೇ ಒತ್ತಿ ಹಿಡಿದು ನಿಂತಳು, ಭುಜ ಇಳಿಸದೆ. ಆಚೆ ಗೂಳಿ ಜಾಲರಿಗೆ ಹಣೆ ಆನಿಸಿ ನಿಧಾನಕ್ಕೆ ಆ ಸಣ್ಣ ಚೌಕದ ಕಡೆ ಕಣ್ಣು ತಂದ.