ಸವಾಲು ಸಿಗದ ಜವಾಬು

ಸವಾಲಿಗೆ ಜವಾಬು ಹೊಳೆಯದೆ ಒದ್ದಾಡುವ ಹಾಡುಗಾರರನ್ನು ಬೇಕಾದಷ್ಟು ನೋಡಬಹುದು. ತಿಕೋಟಾದ ರಾಚವ್ವನ ಸಂಕಟ ಅದರ ಉಲ್ಟಾ. ಅವಳ ಬಳಿ ಜವಾಬಿತ್ತು, ಎದುರಾಳಿಯ ಬಾಯಿ ಕಟ್ಟಿಹಾಕುವಂಥ ಜವಾಬು. ಹತ್ತೊಂಬತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದಳು. ಸವಾಲು ಕೇಳಬೇಕಾದ ಪುಣ್ಯಾತ್ಮ ಮಾತ್ರ ಕೇಳಲೊಲ್ಲ.

ರಾಚವ್ವನದು ನಾಗೇಶಿ ಮೇಳ. ಹೆಣ್ಣು ಹೆಚ್ಚು ಎಂದು ಹಾಡುವವರು ನಾಗೇಶಿ, ಗಂಡು ಹೆಚ್ಚು ಎಂದು ಹಾಡುವವರು ಹರದೇಶಿ. ಎರಡು ಮೇಳ ಎದುರುಬದುರು ನಿಂತು, ದಪ್ಪು ಬಾರಿಸಿ ತುಂತುಣಿ ಮಿಡಿದು, ಒಬ್ಬರ ಸವಾಲಿಗೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಕೊಡಲಾಗದವರು ಸೋತಂತೆ. ಕೇಳದ ಸವಾಲಿಗೆ ಜವಾಬು ಹಾಡುವ ಹಾಗಿಲ್ಲ. ಹಾಡಿದರೆ ಕರೆಯದ ಮದುವೆಗೆ ಉಣ್ಣಲು ಹೋದ ಹಾಗೆ, ಮಂದಿ ನಗುತ್ತಾರೆ.

ಐವತ್ತೇಳನೆಯ ಇಸವಿಯಲ್ಲಿ ಬಬಲೇಶ್ವರದಲ್ಲಿ ಅವಳ ಎದುರಿಗೆ ನಿಂತವನು ಧೂಳಪ್ಪ. ಅದೇ ಊರಿನವನು, ಕುರಿ ಸಾಕುವ ಮನೆತನ, ಹರದೇಶಿ ಹಾಡಿನಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಅಂದು ಅವನು ಹೊಸ ಸವಾಲೊಂದನ್ನು ಎಸೆದ:

"ಬಿತ್ತಾಂವ ಬರದಿದ್ರ ಹೊಲ ಬರೇ ಬಯಲ,
ಬೀಜ ಗಂಡಿಂದು, ನೆಲ ಹೆಣ್ಣಿಂದು,
ಯಾವುದು ಹೆಚ್ಚು, ನೀ ತಿಳದು ಹೇಳ."

ರಾಚವ್ವ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಗಂಡ ರೇವಪ್ಪ ಓಡಿ ಬಂದು, ಕೂಸಿಗೆ ಜ್ವರ ಏರಿ ಕಣ್ಣು ಮೇಲೆ ಮಾಡಿದೆ ಎಂದ. ಅವಳು ದಪ್ಪು ಕೆಳಗಿಟ್ಟು ಎದ್ದಳು. ಹಾಗೆ ಎದ್ದದ್ದಕ್ಕೆ ಅವಳಿಗೆ ಎಂದೂ ಪಶ್ಚಾತ್ತಾಪವಾಗಲಿಲ್ಲ. ಮಗಳು ಉಳಿದಳು, ಈಗ ಅವಳಿಗೇ ಇಬ್ಬರು ಮಕ್ಕಳು. ಆದರೆ ಮಂದಿಯ ಬಾಯಿಗೆ ಬಾಗಿಲಿಲ್ಲವಲ್ಲ. "ಜವಾಬು ಹೊಳೀಲಿಲ್ಲ, ಕೂಸಿನ ನೆವ ಮಾಡಿ ಓಡಿ ಹೋದಳು" ಎಂದರು. ಚಕ್ಕಡಿ ತಿಕೋಟಾ ಮುಟ್ಟಿ, ಕೂಸಿನ ಮೈ ಬೆವೆತು ಜ್ವರ ಇಳಿಯುವ ಹೊತ್ತಿಗೆ ಜವಾಬು ತಾನಾಗಿ ಬಂದು ಅವಳ ನಾಲಿಗೆಯ ಮೇಲೆ ಕುಳಿತಿತ್ತು.

ಬಂದು ಕುಳಿತದ್ದು ಅಲ್ಲೇ ಕುಳಿತಿತು. ಆಮೇಲೆ ಧೂಳಪ್ಪ ಅವಳೆದುರು ಇಪ್ಪತ್ತು ಸಲವಾದರೂ ಹಾಡಿರಬೇಕು. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ಕೇಳಿದ, ಸೂರ್ಯ ಚಂದ್ರರನ್ನು ತಂದ, ಎತ್ತು ಆಕಳು ತಂದ. ಬೀಜದ ಮಾತು ಮಾತ್ರ ಎತ್ತಲಿಲ್ಲ. ರಾಚವ್ವ ಇಲ್ಲದ ಊರುಗಳಲ್ಲಿ ಅದನ್ನೇ ಹಾಡಿ ಶಾಲು ಹೊದೆಸಿಕೊಂಡು ಬರುತ್ತಿದ್ದ. ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

ಎಪ್ಪತ್ತಾರರಲ್ಲಿ ಶಂಕರೆಪ್ಪ ಎಂಬವರು ಹುಬ್ಬಳ್ಳಿಯಿಂದ ಬಂದರು. ಯಾವುದೋ ಕಂಪನಿಯವರು, ಸವಾಲು-ಜವಾಬಿನ ದೊಡ್ಡ ರಿಕಾರ್ಡು ತೆಗೆಯಬೇಕಂತೆ, ಒಂದೊಂದು ಮಗ್ಗಲಿಗೆ ಇಪ್ಪತ್ತು ನಿಮಿಷ. "ವಿಜಾಪುರದಾಗ ಸ್ಟೇಷನ್ ರಸ್ತೆದಾಗ ಸ್ಟುಡಿಯೊಕ್ಕ ಬರ್ರಿ" ಎಂದು ಇಬ್ಬರಿಗೂ ಹೇಳಿ ಕಳಿಸಿದರು.

ಸ್ಟುಡಿಯೊ ಎಂದರೆ ಈ ಕಡೆ ಒಂದೇ ಅರ್ಥ. ರಾಚವ್ವ ಇಳಕಲ್ ಸೀರೆ ಉಟ್ಟು, ನತ್ತು ಇಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಹೋದಳು. ಧೂಳಪ್ಪ ಹೊಸ ರುಮಾಲು ಸುತ್ತಿ ಮುಖಕ್ಕೆ ಪೌಡರು ಬಡಿದುಕೊಂಡು ಬಂದಿದ್ದ. ತಪ್ಪು ಅವರದ್ದೂ ಅಲ್ಲ. ಅದು ಸೈಫುದ್ದೀನನ ಫೋಟೋ ಸ್ಟುಡಿಯೊನೇ ಆಗಿತ್ತು. ದಪ್ಪ ಪರದೆಗಳಿವೆ, ಹೊರಗಿನ ಸಪ್ಪಳ ಬರುವುದಿಲ್ಲ ಎಂದು ಶಂಕರೆಪ್ಪ ಅದನ್ನು ಬಾಡಿಗೆಗೆ ಹಿಡಿದಿದ್ದರು. ಇಬ್ಬರೂ ಬಣ್ಣದ ತೋಟದ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು, ಮಿಸುಕದೆ, ಅರ್ಧ ತಾಸು ಕುಳಿತರು.

"ಫೋಟೋ ಯಾವಾಗ ತಗೀತೀರಿ ಸಾಹೇಬ್ರ?" ಎಂದು ಕೊನೆಗೆ ಧೂಳಪ್ಪ ಕೇಳಿದ.

"ಫೋಟೋ ಅಲ್ಲಪ್ಪಾ, ಧ್ವನಿ" ಎಂದು ಶಂಕರೆಪ್ಪ ಫ್ಯಾನು ಬಂದ್ ಮಾಡಿಸಿದರು. ಸಪ್ಪಳವಾಗುತ್ತದಂತೆ. ಮೇ ತಿಂಗಳು. ಪೌಡರು ಕರಗಿ ಧೂಳಪ್ಪನ ಮೀಸೆಗೆ ಇಳಿಯಿತು.

"ಆ ಬೀಜದ ಸವಾಲ ಐತಲ್ಲ, ಮಂದಿ ಎಲ್ಲಾ ಕಡೆ ಕೇಳತಾರ, ಅದನ್ನ ಹಾಡ್ರಿ" ಎಂದರು ಶಂಕರೆಪ್ಪ. ರಾಚವ್ವ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಅದು ಹಳೇದಾತ್ರಿ. ಹೊಸಾದೊಂದ ಕಟ್ಟೇನಿ" ಎಂದ ಧೂಳಪ್ಪ.

"ಅದಿಲ್ಲಂದ್ರ ರಿಕಾರ್ಡೂ ಇಲ್ಲ ನೋಡ್ರಿ."

ರಿಕಾರ್ಡಿನ ಮೇಲೆ ಹೆಸರು ಬರುತ್ತದೆಂಬ ಆಸೆ ಯಾರನ್ನು ಬಿಟ್ಟೀತು. ಧೂಳಪ್ಪ ಸುಮಾರು ಹೊತ್ತು ತುಂತುಣಿಯ ಗೂಟ ತಿರುವುತ್ತ ಕುಳಿತು, "ಹಂಗಾದ್ರ ನನಗ ಎರಡನೇ ಮಗ್ಗಲ ಕೊಡ್ರಿ" ಎಂದ.

"ಎರಡನೇದು ನಂದು" ಎಂದಳು ರಾಚವ್ವ.

ಶಂಕರೆಪ್ಪ ತಲೆ ಮೇಲೆ ಕೈ ಹೊತ್ತರು. ಎಲ್ಲ ಕಡೆ ಹಾಡುಗಾರರು ಮೊದಲನೆಯ ಮಗ್ಗಲಿಗೆ ಜಗಳಾಡುತ್ತಾರೆ, ಇವರಿಬ್ಬರಿಗೂ ಅದು ಬೇಡ. ಸವಾಲು-ಜವಾಬಿನಲ್ಲಿ ಕೊನೆಗೆ ಹಾಡಿದವನೇ ಗೆದ್ದವನು ಎಂಬುದು ಪಾಪ ಅವರಿಗೆ ಹೇಗೆ ತಿಳಿಯಬೇಕು? ರಾಚವ್ವ ಸಿಟ್ಟಿನಿಂದ ಎದ್ದು ನಿಂತಳು.

"ಸವಾಲ ಮೊದಲೋ ಜವಾಬ ಮೊದಲೋ, ನೀವ ಹೇಳ್ರಿ ಸಾಹೇಬ್ರ. ಹಸದಾಂವಗ ಮೊದಲ ನೀರ ಕುಡಿಸಿ ಆಮ್ಯಾಲ ನೀರಡಿಕಿ ಆಗೇತೇನು ಅಂತ ಕೇಳತೀರೇನು?"

ಹಸಿವೆ ನೀರಡಿಕೆ ಕಲಸಿಹೋದರೂ ಮಾತು ಶಂಕರೆಪ್ಪನವರಿಗೆ ತಿಳಿಯಿತು. ಧೂಳಪ್ಪ ಮೊದಲು ಹಾಡಿದ. ಮಧ್ಯಾಹ್ನ ಅವಳ ಸರದಿ. ಹತ್ತೊಂಬತ್ತು ವರ್ಷದ ಮಾತನ್ನು ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷಕ್ಕೆ ಹಿಂಡಬೇಕಾಗಿತ್ತು. ಹಿಂಡಿದಳು:

"ಹ್ವಾದ ಸುಗ್ಗೀ ತೆನಿ ಆರಿಸಿ ತಂದಾಕಿ ಯಾರ,
ಬೂದಿ ಸವರಿ ಗಡಿಗ್ಯಾಗ ಕಾಯ್ದಿಟ್ಟಾಕಿ ಯಾರ,
ಬಿತ್ತೂ ದಿನ ಬಾಗಿಲಿಗೆ ಬಂದು
ಬೀಜ ಕೊಡ ಅಂತ ಕೈ ಒಡ್ಡಿದಾಂವ ಯಾರ?"

ಪರದೆಯ ಹಿಂದಿನಿಂದ ಸೈಫುದ್ದೀನ "ವಾಹ್" ಎಂದುಬಿಟ್ಟ. ಅವನ ವಾಹ್‌ನಿಂದಾಗಿ ಪೂರ್ತಿ ಮತ್ತೊಮ್ಮೆ ಹಾಡಬೇಕಾಯಿತು. ಆದರೂ ಆ ದಿನ ರಾಚವ್ವ ಹಗುರಾದಳು.

ನಾಲ್ಕು ತಿಂಗಳಿಗೆ ರಿಕಾರ್ಡು ಬಂತು. ಗಾಂಧಿ ಚೌಕದ ಸಿಕಂದರನ ಚಹಾದಂಗಡಿಯಲ್ಲಿ ಹಚ್ಚುತ್ತಾರೆಂದು ಕೇಳಿ ರಾಚವ್ವ ಬಸ್ಸು ಹತ್ತಿ ಹೋದಳು. ಮೂಲೆಯ ಬಾಕಿನ ಮೇಲೆ ಕುಳಿತಳು. ಮೊದಲು ಕೇಳಿದ್ದು ಅವಳದೇ ಧ್ವನಿ. ಇಪ್ಪತ್ತು ನಿಮಿಷ ಜವಾಬು. ಆಮೇಲೆ ಸಿಕಂದರ ಮಗ್ಗಲು ಬದಲಿಸಿದ, ಧೂಳಪ್ಪ ಗಂಟಲೆತ್ತಿ ಸವಾಲು ಹಾಕಿದ, ಮುಳ್ಳು ಒಳಗೆ ಸರಿದು ರಿಕಾರ್ಡು ಮುಗಿಯಿತು.

"ನೋಡ್ರಿ, ಕಡೀತನಾ ಧೂಳಪ್ಪಗ ಜವಾಬ ಕೊಡಲಿಲ್ಲ ಆ ಹೆಣಮಗಳು" ಎಂದ ಒಬ್ಬ, ಬಸಿಯಲ್ಲಿ ಚಹಾ ಊದುತ್ತ.

"ಸಿಕಂದರಾ, ತಿರುವಿ ಹಚ್ಚು" ಎಂದಳು ರಾಚವ್ವ.

"ಇಲ್ಲಿ ಒಂದು ಅಂತ ಬರದಾರ, ಇಲ್ಲಿ ಎರಡು ಅಂತ ಬರದಾರ. ನಾ ಏನ್ ಮಾಡ್ಲಿ ಅವ್ವಾರ?" ಎಂದು ಅವನು ರಿಕಾರ್ಡು ಎತ್ತಿ ತೋರಿಸಿದ.

ಸಾಲಿ ಮಾಸ್ತರರಿಂದ ಕಂಪನಿಗೆ ಕಾಗದ ಬರೆಸಿದಳು. ಶಂಕರೆಪ್ಪನವರಿಂದ ಉತ್ತರ ಬಂತು: ಹೆಣ್ಣುಮಕ್ಕಳಿಗೆ ಗೌರವ ಕೊಡಬೇಕೆಂದು ತಾವೇ ಮುತುವರ್ಜಿ ವಹಿಸಿ ಅವಳ ಹಾಡನ್ನು ಮೊದಲಿಗೆ ಹಾಕಿಸಿರುವುದಾಗಿಯೂ, ಅದಕ್ಕೆ ಕೃತಜ್ಞತೆಯ ಅಗತ್ಯವಿಲ್ಲವೆಂದೂ ಬರೆದಿದ್ದರು. ರಾಚವ್ವ ಕಾಗದವನ್ನು ಒಲೆಗೆ ಹಾಕಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ನೆಟ್ಟಗೆ ಬಬಲೇಶ್ವರಕ್ಕೆ ಹೋದಳು. ಧೂಳಪ್ಪ ಅಂಗಳದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಒಳಗೆ ಅವನ ಹೆಂಡತಿ ಹೊಳೆವ್ವ ರೊಟ್ಟಿ ಬಡಿಯುತ್ತಿದ್ದಳು.

"ಧೂಳಪ್ಪಾ, ನೀನ ಮೊದಲ ಹಾಡಿದ್ದು, ನಾ ಆಮ್ಯಾಲ ಹಾಡಿದ್ದು. ಇದನ್ನ ನಾಕ ಮಂದಿ ಮುಂದ ಹೇಳು. ಹೇಳಿದ್ರ ನಿಂದೇನು ಗಂಟು ಹೋಗತೈತಿ?"

ಧೂಳಪ್ಪ ಕತ್ತರಿ ಕೆಳಗಿಟ್ಟ. "ಆ ಜವಾಬ ನನಗ ಮೊದಲ ಗೊತ್ತಿತ್ತ ಬೇ."

"ಯಾವಾಗಿಂದ?"

"ನೀ ಎದ್ದು ಹೋದ ಮರುವಾರ ನಿಮ್ಮೂರ ಸಂತಿಗಿ ಕುರಿ ಮಾರಾಕ ಬಂದಿದ್ದೆ. ನೀ ಮನ್ಯಾಗ ಬೀಸಕೋತ ಹಾಡಾಕತ್ತಿದ್ದಿ. ಗ್ವಾಡಿ ಹಿಂದ ನಿಂತು ಪೂರಾ ಕೇಳಿದೆ. ಅದಕ್ಕ ಮರುಸವಾಲ ನನಗ ಇವತ್ತಿಗೂ ಸಿಕ್ಕಿಲ್ಲ. ಅದಕ್ಕ ನಿನ್ನ ಮುಂದ ಆ ಹಾಡ ಎತ್ತಲಿಲ್ಲ."

ತಾನು ಸೋತವಳೆಂದು ತಲೆ ತಗ್ಗಿಸಿ ನಡೆದ ಅಷ್ಟೂ ವರ್ಷ ಇವನು ತಾನೇ ಸೋತವನೆಂದು ತಿಳಿದೂ ಶಾಲು ಹೊದೆಸಿಕೊಂಡಿದ್ದ. ರಾಚವ್ವನ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ.

"ಇದನ್ನ ಮಂದಿ ಮುಂದ ಹೇಳತೀ ಇಲ್ಲೋ?"

"ಸಾಯೂತನಾ ಹೇಳಾಂಗಿಲ್ಲ. ನೀ ಹೇಳಿದ್ರ ಯಾರೂ ನಂಬಾಂಗಿಲ್ಲ. ಇಲ್ಲಿ ಕೇಳಿದವ್ರರ ಯಾರದಾರ? ನೀ, ನಾ, ಈ ಕುರಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತು ಬಹಳ ಹೊತ್ತಾಗಿತ್ತು. ಹೊಳೆವ್ವ ಹಿಟ್ಟಿನ ಕೈಯಲ್ಲೇ ಚಹಾದ ಕಪ್ಪು-ಬಸಿ ಹಿಡಿದು ಹೊರಗೆ ಬಂದು, ರಾಚವ್ವನಿಗೆ ಕೊಟ್ಟಳು.

"ಕುಂದರ ಯಕ್ಕಾ. ನಾ ಎಲ್ಲಾ ಕೇಳೇನಿ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ನಾಳಿ ಸಂತಿಗಿ ನಾ ಹೋಗತೀನ್ರಿ, ಅಲ್ಲಿ ನಾಕ ಮಂದಿ ಸಿಗತಾರ. ನೀವು ಮನ್ಯಾಗ ಇರ್ರಿ" ಎಂದಳು.

ಧೂಳಪ್ಪ ಕೆಳಗಿಟ್ಟ ಕತ್ತರಿ ಎತ್ತಿಕೊಂಡು ಅರ್ಧ ಬೋಳಾದ ಕುರಿಯ ಕಡೆ ತಿರುಗಿದ. ರಾಚವ್ವ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದಳು.