ಬೋರ್ಡಿಲ್ಲದ ಮೋರಿ

ನಮ್ಮ ಮಾವನವರ ಕುತ್ತಿಗೆಯ ಹಿಂದೆ, ಕೂದಲು ಮುಗಿದು ಅಂಗಿಯ ಕಾಲರು ಶುರುವಾಗುವ ಕಡೆ, ನಿಂಬೆಹಣ್ಣಿನ ಗಾತ್ರದ ಒಂದು ಗಂಟು ಇತ್ತು. ನೋವಿಲ್ಲ, ಕೀವಿಲ್ಲ, ಸುಮ್ಮನೆ ಕೂತಿತ್ತು. ಮನಸ್ಸಿಗೆ ಯೋಚನೆ ಹತ್ತಿದಾಗ ಅದನ್ನು ಬೆರಳಿನಿಂದ ಸವರಿಕೊಳ್ಳುತ್ತಿದ್ದರು. ಅವರಿಗೆ ಯೋಚನೆ ಹತ್ತದ ದಿನವೇ ಇರಲಿಲ್ಲವಾದ್ದರಿಂದ ಆ ಗಂಟು ಸದಾ ಮಿರಮಿರ ಮಿನುಗುತ್ತಿತ್ತು.

ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂರಿನ ರಸ್ತೆಗಳಲ್ಲೇ ಆಯುಸ್ಸು ಸವೆಸಿದ್ದರು. ಅಷ್ಟು ವರ್ಷ ಓಡಿಸಿದವರಿಗೆ ರಸ್ತೆಯ ಭಯ ಹೋಗಿರಬೇಕಲ್ಲ? ಊಹೂಂ. ಅವರಷ್ಟು ಪುಕ್ಕಲು ಡ್ರೈವರನ್ನು ನಾನು ಕಂಡಿಲ್ಲ. ಎದುರಿಗೆ ಎತ್ತಿನ ಗಾಡಿ ಬಂದರೂ ಬಸ್ಸು ನಿಲ್ಲಿಸಿಬಿಡುತ್ತಿದ್ದರಂತೆ. ಯಾರಾದರೂ ಹಂಗಿಸಿದರೆ ಒಂದೇ ಉತ್ತರ: “ಧೈರ್ಯ ಇರೋನು ಪೇಪರ್‌ನಾಗೆ ಬತ್ತಾನೆ. ಪುಕ್ಲ ಮನೆಗ್ ಬತ್ತಾನೆ.”

ನಾನು ಪಾಂಡವಪುರದ ಆ ಮನೆಗೆ ಸೊಸೆಯಾಗಿ ಹೋದದ್ದು ತೊಂಬತ್ತರ ದಶಕದ ಮೊದಲಿಗೆ. ಅತ್ತೆ ಅಷ್ಟರಲ್ಲೇ ತೀರಿಕೊಂಡಿದ್ದರು. ಮಾವ ನಿವೃತ್ತರಾಗಿದ್ದರು. ನನ್ನ ಗಂಡ, ಅವರ ಒಬ್ಬನೇ ಮಗ, ಲಾರಿ ಓಡಿಸುತ್ತಿದ್ದರು. ಆಲೆಮನೆಗಳಲ್ಲಿ ಬೆಲ್ಲ ತುಂಬಿಕೊಂಡು ನಾಗಮಂಗಲ, ಬೆಳ್ಳೂರು ಕ್ರಾಸಿನ ಮೇಲೆ ತುಮಕೂರಿಗೆ ಹೋಗುವುದು, ಬರುವುದು. ಲಾರಿ ಬೀದಿಯ ತಿರುವು ದಾಟುವವರೆಗೂ ಮಾವ ಜಗುಲಿಯ ಮೇಲೆ ನಿಂತಿರುತ್ತಿದ್ದರು. ಆಮೇಲೆ ಅದು ತಿರುಗಿ ಬರುವವರೆಗೆ ಅವರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನಗೆ ಇದೆಲ್ಲ ಅತಿ ಅನ್ನಿಸುತ್ತಿತ್ತು. ಆರು ತಿಂಗಳಲ್ಲಿ ಆ ರೋಗ ನನಗೂ ಅಂಟಿತು.

ಬಾಡಿಗೆಗೆ ಬಿಡೋಣವೆಂದು ಮಾವ ಒಂದು ಹಳೆಯ ಅಂಬಾಸಿಡರ್ ತಂದಿದ್ದರು. ಆದರೆ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆಗಿ, ಆದ ಮೇಲೂ ದೂರದ್ದೆಲ್ಲ ಮಂಜುಮಂಜಾಗಿ, ಕಾರು ಹಿತ್ತಿಲಲ್ಲಿ ಕೋಳಿಗಳ ಪಾಲಾಯಿತು. ಒಂದು ಬೆಳಿಗ್ಗೆ ಕೀ ತಂದು ನನ್ನ ಕೈಗಿಟ್ಟರು.

“ಬಾರವ್ವ, ಕಲ್ತ್ಕೋ.”

“ಅಯ್ಯೋ ಮಾವ, ಊರೋರು ನಗ್ತಾರೆ.”

“ನಗ್ಲಿ ಬುಡವ್ವ. ಅವ್ರ ಅಲ್ಲು, ಅವ್ರ ಬಾಯಿ.”

ಕೊಯ್ಲಾದ ಗದ್ದೆ ಬಯಲಿನಲ್ಲಿ ಕಲಿಸಿದರು. ಬೈಯಲಿಲ್ಲ, ಕೂಗಲಿಲ್ಲ. ನಾನು ಕ್ಲಚ್ಚು ತುಳಿಯುವುದು ಮರೆತು ಗೇರು ಕಿರುಗುಟ್ಟಿಸಿದಾಗ ಮಾತ್ರ “ಅವ್ವಯ್ಯ!” ಎಂದು ಹಲ್ಲು ಕಚ್ಚುತ್ತಿದ್ದರು. ಊರವರು ನಕ್ಕದ್ದೂ ನಿಜ. ಸೊಸೆ ಕೈಲಿ ಕಾರು ಓಡಿಸಿಕೊಂಡು ಮುದುಕ ಸವಾರಿ ಹೊರಟ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ನಾನೇನು ಕಡಿಮೆಯೇ, ಅವರ ಮನೆ ಮುಂದೆ ಬಂದಾಗ ಬೇಕೆಂತಲೇ ಎರಡು ಸಲ ಹಾರನ್ ಹೊಡೆಯುತ್ತಿದ್ದೆ.

ಆಗ ರಸ್ತೆಗಳನ್ನು ಅಗಲ ಮಾಡುವ ಕಾಲ. ಕಿರಂಗೂರಿನ ಕಡೆ ಸಾಲುಮರಗಳಿಗೆ ಸುಣ್ಣದ ಪಟ್ಟಿ ಬಳಿದು, ನಂಬರು ಹಾಕಿ, ಒಂದೊಂದಾಗಿ ಉರುಳಿಸಿದರು. ಮಾವನಿಗೆ ಅದು ನೆರಳಿನ ಮಾತಾಗಿರಲಿಲ್ಲ. “ಆ ಆಲದ್ಮರ ಕಂಡ ತಕ್ಷಣ ಗೇರು ಇಳುಸ್ಬೇಕು ಅಂತ ನಾವು ಕಲ್ತಿದ್ದು. ಈಗ ಮರ ಇಲ್ಲ. ತಿರುವು ಅಲ್ಲೇ ಐತೆ!” ಎಂದರು. ಹಳೆಯ ಮೈಲಿಗಲ್ಲು ಕಿತ್ತರು, ದಾರಿ ತೋರುವ ಕೈಮರ ಕಿತ್ತರು, ಮೋರಿ ಒಡೆದರು. ಇವತ್ತು ಇದ್ದ ರಸ್ತೆ ನಾಳೆ ಗುಂಡಿ. ಎಡಕ್ಕೆ ತೋರಿಸುತ್ತಿದ್ದ ಬಾಣದ ಬೋರ್ಡು ಗಾಳಿಗೆ ತಿರುಗಿ ಬಲಕ್ಕೆ ತೋರಿಸುತ್ತ ನಿಂತಿರುತ್ತಿತ್ತು.

ಅಂಥದ್ದರಲ್ಲೇ ಒಂದು ದಿನ ಅವರು ನಾಗಮಂಗಲದಿಂದ ಬಸ್ಸಿನಲ್ಲಿ ಬರುವಾಗ, ಒಡೆದ ಮೋರಿಯೊಳಗೆ ತಲೆಕೆಳಗಾಗಿ ಬಿದ್ದಿದ್ದ ಲಾರಿಯೊಂದನ್ನು ಕಂಡರು. ನಮ್ಮ ಲಾರಿಯ ಬಣ್ಣವೇ. ಬಸ್ಸು ನಿಲ್ಲಿಸಲು ಹೇಳಿ, ಇಳಿದು, ಜನರನ್ನು ತಳ್ಳಿಕೊಂಡು ಹೋಗಿ ಸತ್ತವನ ಮುಖ ನೋಡಿದರು. ಬೇರೆ ಯಾರೋ. ಮನೆಗೆ ಬಂದವರು ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ನನ್ನನ್ನು ಕೂರಿಸಿಕೊಂಡು ಹೇಳಿದರು: “ಇನ್ನೊಬ್ಬರ ಮಗನ್ನ ನೋಡಿ ಸದ್ಯ ಅಂದ್ಬುಟ್ಟೆ ಕಣವ್ವ. ಬಾಯಿಂದ ಬಂದೇಬುಡ್ತು. ಅಲ್ಲಿ ಬೋರ್ಡು ಇರ್ನಿಲ್ಲ. ಒಂದು ಕಲ್ಲಿಗೆ ಸುಣ್ಣ ಬಳ್ದಿದ್ರೂ ಸಾಕಿತ್ತು, ಆ ಮಗ ಉಳ್ಕತಿದ್ದ.”

ಅದರ ಮುಂದಿನ ಭಾನುವಾರದಿಂದ ನಮ್ಮ ಸವಾರಿ ಶುರುವಾಯಿತು. ಮೈಸೂರಿಗೆ ಹೋಗಿ ಒಂದು ಸಣ್ಣ ಕ್ಯಾಮೆರಾ ತಂದರು. ನನ್ನ ಗಂಡ ಲೋಡು ಇಳಿಸಿ ಬಂದು ಮಲಗಿರುವ ಹೊತ್ತಿನಲ್ಲಿ ನಾನು ಕಾರು ತೆಗೆಯುವುದು, ಮಾವ ಎಡಗಡೆ ಸೀಟಿನಲ್ಲಿ ಕೂರುವುದು. ಅಗೆದ ಕಡೆ, ಡೈವರ್ಷನ್ ಹಾಕಿದ ಕಡೆ, ಹೊಸ ಬೋರ್ಡು ನೆಟ್ಟ ಕಡೆ, ಹಳೆ ಬೋರ್ಡು ಬಿದ್ದ ಕಡೆ ನಿಲ್ಲಿಸಿ ಫೋಟೋ ತೆಗೆಯುವುದು. ಅವರ ಕಣ್ಣಿಗೆ ದೂರದ್ದು ಕಾಣದು. ಫೋಟೋವನ್ನಾದರೆ ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಬಹುದು. ಗುಂಡಿಯ ಆಳ, ಬೋರ್ಡಿನ ಎತ್ತರ ತಿಳಿಯಬೇಕೆಂದು ಪ್ರತಿಯೊಂದರ ಪಕ್ಕದಲ್ಲೂ, ಗುಂಡಿಯಾದರೆ ಒಳಗೇ, ನನ್ನನ್ನು ನಿಲ್ಲಿಸುತ್ತಿದ್ದರು. ಜನರ ಮನೆಯ ಆಲ್ಬಮ್ಮಿನಲ್ಲಿ ಸೊಸೆ ರೇಷ್ಮೆ ಸೀರೆ ಉಟ್ಟು ಪಾರ್ಕಿನಲ್ಲಿ ನಿಂತಿರುತ್ತಾಳೆ. ನಮ್ಮ ಮನೆಯಲ್ಲಿ ನಾನು ಧೂಳು ಹೊಡೆದುಕೊಂಡು ‘ನಿಧಾನವಾಗಿ ಚಲಿಸಿ’ ಪಕ್ಕ ನಿಂತಿದ್ದೇನೆ.

ರೀಲು ತೊಳೆಸಿ ತಂದ ಮೇಲೆ ನಡುಮನೆಯ ನೆಲದ ಮೇಲೆ ಫೋಟೋಗಳನ್ನು ರಸ್ತೆ ಸಾಗಿದ ಹಾಗೆ ಸಾಲಾಗಿ ಹರವುತ್ತಿದ್ದರು. ಬಾಗಿಲ ಬಳಿ ಶ್ರೀರಂಗಪಟ್ಟಣ, ಕಂಬದ ಹತ್ತಿರ ಪಾಂಡವಪುರ, ಅಡುಗೆಮನೆಯ ಹೊಸ್ತಿಲಿಗೆ ನಾಗಮಂಗಲ. ಲೋಡಿಗೆ ಹೊರಡುವ ಮುಂಚೆ ಮಗ ಆ ಸಾಲಿನ ಪಕ್ಕ ಕುಕ್ಕರಗಾಲಿನಲ್ಲಿ ಸಾಗಬೇಕು.

“ಈಗ ಜಕ್ಕನಹಳ್ಳಿ ದಾಟ್ದೆ. ಮುಂದಕ್ಕೇನ್ಲಾ?”

“ಜಲ್ಲಿ ರಾಶಿ, ಅಪ್ಪ. ಎಡಗಡೆ.”

“ಆಮ್ಯಾಕೆ?”

“ಅಪ್ಪ, ನಾನೇನ್ ಎಳೆಮಗುವಾ?”

“ಊಂ ಕಣ್ಲಾ. ಆಮ್ಯಾಕೆ?”

ಗಂಡ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಗುಂಡಿಗಳಲ್ಲಿ ಇಳಿದು ನಿಂತವಳು ನಾನು. ಒಂದೊಂದು ನನ್ನ ತಲೆಗಿಂತ ಆಳವಿತ್ತು.

ಹೇಮಗಿರಿಯ ಕಡೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಬೆಲ್ಲ ತುಂಬಲು ಲಾರಿ ಆ ಕಡೆಗೂ ಹೋಗುತ್ತಿತ್ತು. ಕೆ.ಆರ್.ಪೇಟೆ ದಾಟಿ, ಒಂದು ಹಳ್ಳಿಯ ಪಕ್ಕದಲ್ಲಿ ಹಳ್ಳಕ್ಕೆ ಹೊಸ ಸೇತುವೆ ಕಟ್ಟುತ್ತಿದ್ದರು. ಆಗ ಊರೂರಲ್ಲಿ ಒಂದು ಗುಲ್ಲು ಹಬ್ಬಿತ್ತು. ಹೊಸ ಸೇತುವೆ ನಿಲ್ಲಬೇಕಾದರೆ ಬುಡಕ್ಕೆ ತಲೆ ಕೊಡಬೇಕಂತೆ, ಮಕ್ಕಳನ್ನು ಹಿಡಿಯುವವರು ಕಾರಿನಲ್ಲಿ ಬರುತ್ತಾರಂತೆ. ಗುಲ್ಲು ನಮ್ಮ ಕಿವಿಗೂ ಬಿದ್ದಿತ್ತು. ಆದರೆ ಕಾರಿನಲ್ಲಿ ಬರುವವರು ನಾವೇ ಎಂದು ನಮಗೆ ಹೊಳೆಯಬೇಡವೇ!

ಅವತ್ತು ನನಗೆ ಜ್ವರ. ಸ್ಟಿಯರಿಂಗಿಗೆ ತಲೆಯಾನಿಸಿ ಕೂತಿದ್ದೆ. ಇಂಜಿನ್ ಓಡುತ್ತಲೇ ಇತ್ತು. ಮಾವ ಒಬ್ಬರೇ ಇಳಿದು ಹೋದರು. ಅಳತೆಗೆ ಪಕ್ಕದಲ್ಲಿ ಯಾರಾದರೂ ನಿಲ್ಲಬೇಕಲ್ಲ, ಅಲ್ಲೇ ಆಡುತ್ತಿದ್ದ ಒಬ್ಬ ಪುಟ್ಟ ಹುಡುಗಿಯನ್ನು ಕರೆದು, “ಆ ಕಂಬದ ಪಕ್ಕ ನಿಂತ್ಕೋ ಮಗ” ಎಂದರು. ಕಪ್ಪು ಕನ್ನಡಕದ ಅಪರಿಚಿತ ಮುದುಕ, ಸೇತುವೆಯ ಕಂಬ, ಬುಡದಲ್ಲಿ ಗುಂಡಿ, ಪಕ್ಕದಲ್ಲಿ ಮಗು. ಬಟ್ಟೆ ಒಗೆಯುತ್ತಿದ್ದ ಅವಳ ತಾಯಿ ಕೂಗಿಕೊಂಡಳು. ಆ ಕೂಗಿಗೆ ಗದ್ದೆಗಳಿಂದ ಗಂಡಸರು ಓಡಿಬಂದರು. ಕುಡುಗೋಲು ಹಿಡಿದವರು ಹಿಡಿದ ಹಾಗೇ ಬಂದರು.

“ಯಾವೂರ್ಲಾ ನಿಂದು? ಯಾರ್ ಕಳ್ಸಿದ್ದು?” ಒಬ್ಬ ಕ್ಯಾಮೆರಾ ಕಿತ್ತುಕೊಂಡು ಅದರ ಬೆನ್ನು ತೆರೆದು ರೀಲು ಎಳೆದು ಎಸೆದ. ಇನ್ನೊಬ್ಬ ಮಾವನ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿಹೋಯಿತು. ಅಷ್ಟರಲ್ಲಿ ಯಾರೋ ಕಾರಿನ ಡಿಕ್ಕಿ ಎತ್ತಿದರು. ಅಯ್ಯೋ ಶಿವನೇ! ಒಳಗೆ ಒಂದು ಬೂದುಗುಂಬಳಕಾಯಿ, ಅದರ ಮೈತುಂಬ ಕುಂಕುಮ, ಸುತ್ತ ನಿಂಬೆಹಣ್ಣು, ಕರ್ಪೂರ. ಹೊಸದಾಗಿ ಅಗೆದ ಕಡೆಯಲ್ಲೆಲ್ಲ ಮಗನ ಲಾರಿ ಸುಖವಾಗಿ ದಾಟಲಿ ಎಂದು ಮಾವ ಒಂದು ಕಾಯಿ ಒಡೆಯುತ್ತಿದ್ದರು. ಎಲ್ಲ ಡ್ರೈವರುಗಳೂ ಆಯುಧಪೂಜೆಗೆ ಮಾಡುವುದನ್ನು ಇವರು ವಾರವಾರ ಮಾಡುತ್ತಿದ್ದರು. ಅದನ್ನು ಕಂಡದ್ದೇ ಜನಕ್ಕೆ ಇನ್ನೇನೂ ಕೇಳುವುದಿರಲಿಲ್ಲ.

ನನ್ನ ಕಾಲು ಆಕ್ಸಿಲರೇಟರಿನ ಮೇಲಿತ್ತು. ಜನರ ಮೇಲೇ ಹತ್ತಿಸಿಕೊಂಡು ಹೋಗಿಬಿಡೋಣ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಮಾವ ಅಲ್ಲಿಂದಲೇ ಕೂಗಿದರು: “ಇಂಜಿನ್ ಆಫ್ ಮಾಡವ್ವ! ಕೀ ಅವ್ರ ಕೈಗೆ ಕೊಟ್ಬುಡು. ಓಡೋ ಗಾಡಿ ಕಂಡ್ರೆ ಜನಕ್ಕೆ ಇನ್ನೂ ಭಯ ಆಯ್ತದೆ.” ಕೊಟ್ಟೆ. ಅದನ್ನು ಕೊಟ್ಟಾಗ ಪ್ರಾಣವನ್ನೇ ಕೊಟ್ಟ ಹಾಗಾಯಿತು.

ಮಾರಮ್ಮನ ಗುಡಿಯ ಮುಂದೆ ವಿಚಾರಿಸೋಣವೆಂದು ಜನ ಮಾವನನ್ನು ಮುಂದೆ ನೂಕಿಕೊಂಡು ನಡೆದರು. ಪಂಚೆ ಒದ್ದೆಯಾಗಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಹಿಂದೆ ನನ್ನ ರಟ್ಟೆ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ ಇದ್ದಕ್ಕಿದ್ದಂತೆ ನಿಂತುಬಿಟ್ಟಳು.

“ಏ, ತಡೀರ್ಲಾ! ಆ ಗಂಟು ನೋಡ್ರಲಾ! ಇದು ಬೆಳುಗ್ನ ಬಸ್ಸಿನ ಡ್ರೈವರಪ್ಪನ ಕುತ್ಗೆ ಅಲ್ವಾ? ಪ್ಯಾಟೆಗೆ ಓಗೋವಾಗೆಲ್ಲ ಅವ್ನ ಇಂದ್ಗಡೆ ಸೀಟ್‌ನಾಗೇ ಕೂತಿದ್ದೀನಿ ನಾನು. ಮಕ ಕಂಡೋಳಲ್ಲ, ಆ ಗಂಟ ಮರೆಯಾಕಾದದಾ?”

ಡ್ರೈವರಿನ ಮುಖ ಯಾರು ನೋಡುತ್ತಾರೆ? ಬೆನ್ನು ನೋಡುತ್ತಾರೆ. ಇನ್ನಿಬ್ಬರು ಹೆಂಗಸರೂ ಹೌದೆಂದರು. ಕುಡುಗೋಲುಗಳು ಕೆಳಗಿಳಿದವು. ಹೊಡೆದವನೇ ಕನ್ನಡಕ ಹುಡುಕಿ ತಂದು ಕೊಟ್ಟ. ಮಜ್ಜಿಗೆ ತಂದರು. ಮಾವ ಅರ್ಧ ಲೋಟ ಎದೆಯ ಮೇಲೇ ಚೆಲ್ಲಿಕೊಂಡರು. ಹೊರಡುವಾಗ ಕುಂಬಳಕಾಯಿ ತೆಗೆದು ಹುಡುಗಿಯ ತಾಯಿಯ ಕೈಗೆ ಕೊಟ್ಟು, “ನೀವೇ ಒಡೀರವ್ವ. ನಿಮ್ಮಕ್ಳೂ ಇದ್ರ ಮ್ಯಾಲೇ ಓಡಾಡ್ಬೇಕು” ಎಂದರು.

ದಾರಿಯುದ್ದಕ್ಕೂ ನಾನು ಬೈದೆ. ಇನ್ನು ಸಾಕು, ನಿಮ್ಮ ಕ್ಯಾಮೆರಾ ಬೇಡ, ರಸ್ತೆ ಬೇಡ, ಇವತ್ತು ಇಬ್ಬರ ಹೆಣ ಬೀಳುತ್ತಿತ್ತು ಎಂದು ಅತ್ತುಕೊಂಡೇ ಬೈದೆ. ಚಿನಕುರಳಿ ಹತ್ತಿರ ಬಂದಾಗ ಅವರು ಮೆಲ್ಲಗೆ ಅಂದರು: “ಅವ್ರು ಮಕ್ಳ ಭಯಕ್ಕೆ ಅಂಗಾಡುದ್ರು ಕಣವ್ವ. ನಂದೂ ಅದೇ ಅಲ್ವಾ?” ಮುಂದಿನ ಭಾನುವಾರ ಮತ್ತೆ ಹೊರಟೆವು.

ಎಲ್ಲಕ್ಕಿಂತ ಅವರನ್ನು ಕಾಡಿದ್ದು ಆ ಲಾರಿ ಬಿದ್ದಿದ್ದ ನಾಗಮಂಗಲದ ಈಚೆಯ ಮೋರಿ. ಕೆಲಸ ಅರ್ಧಕ್ಕೇ ನಿಂತು, ರಸ್ತೆ ಅಲ್ಲಿ ಬಾಯಿ ತೆರೆದುಕೊಂಡೇ ಇತ್ತು. ಪಕ್ಕದ ಗದ್ದೆಯೊಳಗೆ ಇಳಿದು ಹತ್ತಬೇಕು. ಬೋರ್ಡು ಹಾಕಿ ಎಂದು ಕಂಡಕಂಡವರನ್ನು ಕೇಳಿದರು. “ಆಯ್ತು ಯಜಮಾನ್ರೇ” ಎಂದರೇ ಹೊರತು ಯಾರೂ ಹಾಕಲಿಲ್ಲ. ಇವರೇ ಕಲ್ಲಿಗೆ ಸುಣ್ಣ ಬಳಿದರು. ಮಳೆಗೆ ತೊಳೆದುಹೋಯಿತು. ಕೋಲು ನೆಟ್ಟು ನನ್ನ ಕೆಂಪು ಸೀರೆ ಕಟ್ಟಿದರು. ಯಾರೋ ಬಿಚ್ಚಿಕೊಂಡು ಹೋದರು. ಸೀರೆ ಚೆನ್ನಾಗಿಯೇ ಇತ್ತು, ಅವರದ್ದೇನು ತಪ್ಪು.

ದಶಕ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಮಾವನಿಗೆ ಎದೆನೋವು ಬಂತು. ಗಂಡ ತುಮಕೂರಿನಲ್ಲಿದ್ದರು. ನಾನೇ ಕಾರಿನಲ್ಲಿ ಹಾಕಿಕೊಂಡು ಆದಿಚುಂಚನಗಿರಿಯ ಆಸ್ಪತ್ರೆಗೆ ಹೊರಟೆ. ಬೆವರಿ, ಕಣ್ಣು ಮುಚ್ಚಿ ಒರಗಿದ್ದವರು ಆ ಮೋರಿ ಹತ್ತಿರವಾದಾಗ ಹೇಗೆ ತಿಳಿಯಿತೋ, ಕಣ್ಣು ಬಿಟ್ಟು, “ಇಳ್ಸವ್ವ, ಗದ್ದೆಗಿಳ್ಸು” ಅಂದರು.

ಮಗ ಅಂದೇ ಸಂಜೆ ಊರು ಸೇರಿದ ಮೇಲೆ ಸುದ್ದಿ ತಿಳಿದು, ಲಾರಿ ಬಿಟ್ಟು, ಮಾರನೆಯ ಬೆಳಿಗ್ಗೆ ಯಾರದೋ ಬೈಕಿನಲ್ಲಿ ಆಸ್ಪತ್ರೆಗೆ ಬಂದರು. ಮಾವನಿಗೆ ಮಾತು ಕಷ್ಟವಾಗಿತ್ತು. ಆದರೂ ಮಗನ ಕೈ ಹಿಡಿದು ಮೊದಲು ಕೇಳಿದ್ದು, “ದಾರಿ ಎಂಗದೆ?”

ಗಂಡ ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹೇಳತೊಡಗಿದರು. ಜಕ್ಕನಹಳ್ಳಿ ಚೆನ್ನಾಗದೆ ಅಪ್ಪ. ಜಲ್ಲಿ ರಾಶಿ ತೆಗ್ದವ್ರೆ. ಆಮೇಲಿನ ತಿರುವಿಗೆ ಹೊಸ ಕಂಬ ನೆಟ್ಟವ್ರೆ. ಮೋರಿಯ ಹತ್ತಿರ ಬಂದಾಗ ಅವರ ದನಿ ತಡವರಿಸಿತು.

“ಅಲ್ಲಿ ಬೋರ್ಡ್ ಆಕವ್ರೆ ಅಪ್ಪ. ದೊಡ್ಡದು.”

ಮಾವ ಮಗನ ಮುಖವನ್ನೇ ನೋಡಿದರು. “ಸುಳ್ ಯೋಳ್ಬ್ಯಾಡ ಕಣ್ಲಾ,” ಎಂದರು. ಉಸಿರು ಕೂಡಿಸಿಕೊಂಡು, “ಕತ್ಲಾದ್ಮೇಲೆ ಓಗ್ಬ್ಯಾಡ” ಎಂದರು. ಅದೇ ಕೊನೆಯ ಮಾತು. ಹತ್ತು ಗಂಟೆಯ ಹೊತ್ತಿಗೆ ಹೋಗಿಬಿಟ್ಟರು.

ವ್ಯಾನು ಮಾಡೋಣ ಎಂದರು ಯಾರೋ. ನಾನು ಬೇಡವೆಂದೆ. ನಮ್ಮ ಕಾರಿನ ಹಿಂದಿನ ಸೀಟಿನಲ್ಲೇ ಮಲಗಿಸಿ, ತಲೆಯನ್ನು ಮಗನ ತೊಡೆಯ ಮೇಲಿಟ್ಟೆವು. ಗಂಡನ ಕೈಯಲ್ಲಿ ಕೀ ಹಿಡಿಯುವ ಶಕ್ತಿ ಇರಲಿಲ್ಲ. ನಾನೇ ಕೂತೆ. ನಾಗಮಂಗಲ ದಾಟಿದ ಮೇಲೆ ಬಸ್ಸುಗಳು, ಲಾರಿಗಳು ಹಿಂದಿನಿಂದ ಹಾರನ್ ಹೊಡೆದು, ಕೈ ಬೀಸಿ ಬೈದು ಮುಂದೆ ಹೋದವು. ಹೋಗಲಿ ಎಂದು ಬಿಟ್ಟೆ. ಮೋರಿ ಬಂದಾಗ ಪೂರಾ ನಿಲ್ಲಿಸಿದೆ. ಬೋರ್ಡಿರಲಿಲ್ಲ. ಇಳಿದು ಗದ್ದೆಯ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದೆ. ಎದುರಿಗೆ ಯಾರೂ ಬರುತ್ತಿಲ್ಲವೆಂದು ಮತ್ತೆ ಮತ್ತೆ ನೋಡಿದೆ. ಆಮೇಲೆ ಮೊದಲನೇ ಗೇರಿನಲ್ಲಿ, ಉಸಿರು ಬಿಗಿಹಿಡಿದು, ಇಂಚಿಂಚಾಗಿ ಇಳಿಸಿದೆ. ಹೆಣ ಒಯ್ಯುವ ಕಾರಿಗೆ ಇನ್ನೆಂಥ ಭಯ ಎಂದು ನೀವು ಕೇಳಬಹುದು. ಹಿಂದಿನ ಸೀಟಿನಲ್ಲಿ ಅವರ ಮಗ ಕೂತಿದ್ದರು.