ಹನ್ನೊಂದು ದಿನದ ಸೇತುವೆ

ಯಲಬುರ್ಗಾ ತಾಲ್ಲೂಕಿನ ಆ ಹಳ್ಳದ ಮೇಲೆ ನಾವು ಸೇತುವೆ ಕಟ್ಟಿದ್ದು ಹನ್ನೊಂದು ದಿನದಲ್ಲಿ. ಒಂಬತ್ತು ದಿನಕ್ಕೆ ಮುಗಿಯಬೇಕಿತ್ತು. ಹೆಚ್ಚಾದ ಎರಡು ದಿನಕ್ಕೆ ಕಾರಣ ನಾನು.

ನಾನು ಡಿಪ್ಲೊಮಾ ಓದಿದ ಎಂಜಿನಿಯರು. ಕುಷ್ಟಗಿ ರಸ್ತೆಯ ಬದಿಯಲ್ಲಿ, ಎರೆಹೊಲಗಳ ನಡುವೆ ನಮ್ಮ ಯಾರ್ಡ್ ಇದೆ. ಸೇತುವೆಗೆ ಬೇಕಾದ ಗೋಡೆಯ ತುಂಡು, ತೊಲೆ, ಮೇಲೆ ಹಾಸುವ ಸ್ಲ್ಯಾಬು ಎಲ್ಲವನ್ನೂ ಅಲ್ಲೇ ಕಬ್ಬಿಣದ ಅಚ್ಚುಗಳಲ್ಲಿ ಕಾಂಕ್ರೀಟ್ ಹಾಕಿ ಮಾಡುತ್ತೇವೆ. ದಿನಗಟ್ಟಲೆ ನೀರುಣಿಸಿ ಗಟ್ಟಿಯಾದ ಮೇಲೆ ಟ್ರೇಲರಿನಲ್ಲಿ ಹೇರಿಕೊಂಡು ಹೋಗಿ, ಕ್ರೇನಿನಿಂದ ಎತ್ತಿ ಒಂದರ ಪಕ್ಕ ಒಂದು ಕೂಡಿಸುತ್ತೇವೆ. ಯಾರ್ಡಿನಿಂದ ಹೊರಡುವ ಪ್ರತಿ ತುಂಡನ್ನೂ ಅಳೆದು, ತಟ್ಟಿ, ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡು ಹಸಿರು ಬಣ್ಣದ ಗುರುತು ಹಾಕುವುದು ನನ್ನ ಕೆಲಸ. ಆಮೇಲೆ ಅವುಗಳ ಹಿಂದೆ ನಾನೂ ಹೋಗಬೇಕು. ಒಂದು ಊರಲ್ಲಿ ಎಂಟು ದಿನ, ಇನ್ನೊಂದರಲ್ಲಿ ಹತ್ತು. ಮುಗಿದ ಸಂಜೆಯೇ ಕ್ರೇನು ಹೊರಡುತ್ತದೆ, ಬೆಳಗಾದರೆ ನಾನು.

ಮದುವೆಯಾಗಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಕುಕನೂರಿನಲ್ಲಿ ಒಂದು ಬಾಡಿಗೆ ಕೋಣೆ ಇದೆ. ಅವ್ವ ತಮ್ಮನ ಸಂಸಾರದ ಜೊತೆ ಶ್ರೀರಾಮನಗರದಲ್ಲಿದ್ದಾಳೆ. ಪ್ರತಿ ಭಾನುವಾರ ಫೋನಿನಲ್ಲಿ ಅವಳ ಮೊದಲ ಮಾತು, "ಈಗ ಯಾವ ಊರಾಗ ಅದಿ?" ಒಂದು ಸಲ ತಪ್ಪಿ ಹಿಂದಿನ ವಾರದ ಊರನ್ನೇ ಹೇಳಿಬಿಟ್ಟೆ. ಅವಳಿಗೆ ಗೊತ್ತಾಗಲಿಲ್ಲ. ನನಗೂ ಫೋನಿಟ್ಟು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗಿರಲಿಲ್ಲ. ಗಂಗಾವತಿಯ ಹತ್ತಿರ ಒಂದು ಕಾಲುವೆಯ ಮೇಲೆ ಹಳೆಯ ಪದ್ಧತಿಯಲ್ಲಿ, ಅಲ್ಲೇ ಸೆಂಟ್ರಿಂಗ್ ಕಟ್ಟಿ ಕಾಂಕ್ರೀಟ್ ಹಾಕುವ ಸೇತುವೆಗೆ ನನ್ನನ್ನು ಹಾಕಿದ್ದರು. ಒಂದೂವರೆ ವರ್ಷ ಹಿಡಿಯಿತು. ಎದುರು ಮನೆಯವರು ಮಧ್ಯಾಹ್ನ ಮಜ್ಜಿಗೆ ಕಳಿಸುತ್ತಿದ್ದರು. ಅವರ ಬಸುರಿ ಮಗಳ ಕುಬಸಕ್ಕೆ ನಾನೂ ಹೋಗಿ ಆರತಿ ಹಿಡಿದಿದ್ದೆ. ಆದರೆ ಅದೇ ಮಗಳು ಹೆರಿಗೆ ಬೇನೆ ತಿನ್ನುತ್ತ ಮುರಿದ ರಸ್ತೆಯನ್ನು ಸುತ್ತಿ ಬಳಸಿ ದವಾಖಾನೆಗೆ ಹೋಗಿದ್ದನ್ನೂ ನೋಡಿದ್ದೇನೆ. ಹಾಗಾಗಿ ಬೇಗ ಕಟ್ಟುವುದೇ ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಜನರಿಗೆ ಬೇಕಾದದ್ದು ದಾರಿ. ನನ್ನ ಪರಿಚಯವಲ್ಲ.

ಯಲಬುರ್ಗಾದ ಆ ಹಳ್ಳಕ್ಕೆ ಅಡಿಪಾಯವನ್ನು ಬೇರೆ ತಂಡದವರು ಮೊದಲೇ ಹಾಕಿ ಹೋಗಿದ್ದರು. ನಾವು ಹೋಗಿ ರಸ್ತೆ ಬಂದ್ ಮಾಡಿದೆವು. ಗಾಡಿಗಳು ಮತ್ತೊಂದು ಊರಿನ ಮೇಲೆ ಹಾಯ್ದು ಬರಬೇಕು. ನಡೆದು ಹೋಗುವವರಿಗೆ ಮಾತ್ರ ಹಳ್ಳದಲ್ಲಿ ಕಲ್ಲಿಟ್ಟು ಹಲಗೆ ಹಾಸಿದ್ದೆವು.

ಮೊದಲ ದಿನ ಬೆಳಿಗ್ಗೆ ಆ ಹಲಗೆಯ ಮೇಲೆ ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲೊಂದು ಚೀಲ ಹಿಡಿದು ಒಬ್ಬ ಹೆಂಗಸು ಬಂದರು. ಐವತ್ತರ ಮೇಲಿನ ವಯಸ್ಸು. ಆಚೆ ದಂಡೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ಮನೆ ಈಚೆ ದಂಡೆಗೆ. ಕಾಯಿಪಲ್ಯ ತರುವ ಆಟೋ ಹಳ್ಳ ದಾಟುವಂತಿರಲಿಲ್ಲವಾದ್ದರಿಂದ ತಾವೇ ಹೊತ್ತು ತಂದಿದ್ದರು. ಹಲಗೆ ಅಲುಗಾಡಿತು. ಓಡಿಹೋಗಿ ಕೈಹಿಡಿದೆ.

ದಾಟಿದ ಮೇಲೆ ಬುಟ್ಟಿ ಇಳಿಸಿ ಕೇಳಿದರು, "ಎಷ್ಟ ತಿಂಗಳ ಐತ್ರಿ ಮೇಡಂ ಈ ಗೋಳು?"

"ತಿಂಗಳಲ್ರಿ ಅಕ್ಕಾರ. ಒಂಬತ್ತ ದಿನ."

"ಒಂಬತ್ತ ದಿನಕ್ಕ ಬ್ರಿಜ್ಜ? ನಮ್ಮ ಸಾಲ್ಯಾಗ ಒಲಿ ಕಟ್ಟಾಕ ಹದಿನೈದ ದಿನ ಹಿಡೀತ್ರಿ!"

ಅಂದಿನಿಂದ ಅವರು ಬರುವ ಹೊತ್ತಿಗೆ ಹಲಗೆಯ ಹತ್ತಿರ ನಿಂತಿರುವುದು ನನಗೆ ರೂಢಿಯಾಯಿತು. ಹೋಗುವಾಗ ಎರಡು ಮಾತು, ಮಧ್ಯಾಹ್ನ ಮರಳುವಾಗ ನಾಲ್ಕು. ಸೊಸೆಗೆ ಬೇಳೆ ಬೇಯಿಸುವುದು ಇನ್ನೂ ಬಂದಿಲ್ಲ ಎನ್ನುವುದು, ಹೆಡ್ ಮಾಸ್ತರರು ಉಪ್ಪು ಕಡಿಮೆ ಎನ್ನುವುದು, ಮಕ್ಕಳು ಮೊಟ್ಟೆಯ ದಿನ ಮಾತ್ರ ಒಬ್ಬರೂ ತಪ್ಪಿಸುವುದಿಲ್ಲ ಎನ್ನುವುದು. ನಾಲ್ಕನೆಯ ದಿನ "ಮೇಡಂ" ಹೋಗಿ "ಯವ್ವಾ" ಆಯಿತು. ನಮ್ಮ ತಂಡದಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ಹುಡುಗರೆಲ್ಲ ಬಿಹಾರದ ಕಡೆಯವರು, ಊಟಕ್ಕೆ ಕೂತರೆ ಅವರ ಮಾತು ಅವರಿಗೆ. ಹಾಗಾಗಿ ದಿನದಲ್ಲಿ ನಾನು ಕೆಲಸದ ಹೊರಗೆ ಆಡುತ್ತಿದ್ದ ಮಾತೆಂದರೆ ಈ ಆರು ಮಾತುಗಳು.

ಗೋಡೆ ನಿಂತವು. ತೊಲೆ ಕೂತವು. ಏಳನೆಯ ದಿನ ಸ್ಲ್ಯಾಬುಗಳನ್ನು ಏರಿಸುತ್ತಿದ್ದೆವು. ಧೂಳು ಹೋಗಲೆಂದು ನೀರು ಹೊಡೆದಿದ್ದರು. ಕೊನೆಯ ಸ್ಲ್ಯಾಬು ಬಿಸಿಲಿಗೆ ಒಣಗುತ್ತ ಬಂದಾಗ ಅದರ ಮೈಮೇಲೆ ಒಂದು ಗೆರೆ ಮಾತ್ರ ಒಣಗದೆ ಕಪ್ಪಾಗಿ ಉಳಿಯಿತು. ಎತ್ತುವ ಕೊಂಡಿಯಿಂದ ಶುರುವಾಗಿ ಅಂಚಿನವರೆಗೆ. ಕ್ರೇನ್ ನಿಲ್ಲಿಸಿ ಎಂದು ಕೈ ಎತ್ತಿದೆ.

ಬಿರುಕಿನ ಅಗಲ ಅಳೆಯುವ ಪಟ್ಟಿ ಇಟ್ಟು ನೋಡಿದೆ. ಮೂರು ಕಡೆ ಮಿತಿಯೊಳಗೇ ಇತ್ತು. ಕೊಂಡಿಯ ಹತ್ತಿರ ಮಾತ್ರ ಮೀರಿತ್ತು.

ಸೈಟಿನ ಮುಖ್ಯಸ್ಥರು ಕೊಪ್ಪಳದವರು, ಕೆಟ್ಟವರಲ್ಲ. ಬಗ್ಗಿ ನೋಡಿ, "ಕೂದಲೆಳಿ ಅಷ್ಟ ಐತಿ ಮೇಡಂ. ಸೀಲ್ ಮಾಡಿ ಕೂಡ್ಸಿಬಿಡೂಣು," ಅಂದರು.

"ಒಂದ ಕಡಿ ಮಿತಿ ದಾಟೈತ್ರಿ ಸರ್. ನಾ ಒಪ್ಪೂದಿಲ್ಲ."

"ಹಸಿರ ಗುರ್ತ ನೀವ ಹಾಕೀರಲ್ಲ?"

"ಹೌದ್ರಿ, ನಾನ ಹಾಕೀನಿ. ಆಗ ಇರಲಿಲ್ಲೋ, ನನಗ ಕಾಣಲಿಲ್ಲೋ. ಈಗ ಕಾಣಾಕತ್ತೈತಿ."

ಅವರು ಯಾರ್ಡಿಗೆ ಫೋನ್ ಹಚ್ಚಿದರು. ಬದಲಿ ಸ್ಲ್ಯಾಬು ಬರಲು ಎರಡು ದಿನ. ಸಂಜೆ ಊರಿನ ನಾಲ್ಕು ಮಂದಿ ಬಂದು, "ಒಂಬತ್ತ ಅಂದಿದ್ರಿ, ಈಗ ಹನ್ನೊಂದ ಅಂತೀರಿ," ಎಂದು ಜೋರು ಮಾಡಿದರು. ಮುಖ್ಯಸ್ಥರು ನನ್ನ ಕಡೆ ಕೈ ತೋರಿಸಿದರು. ನಾನೊಬ್ಬಳೇ ನಿಂತು ಕೇಳಿಸಿಕೊಂಡೆ. ಹುಡುಗರು ದೂರದಲ್ಲಿ ಕೈಗವಸು ಬಿಚ್ಚುತ್ತಿದ್ದರು.

ಬೈಗುಳ ಅಷ್ಟಾಗಿ ನೋಯಿಸಲಿಲ್ಲ. ನೋಯಿಸಿದ್ದು ಇನ್ನೊಂದು. ಎರಡು ದಿನ ತಡ ಎಂದು ಗೊತ್ತಾದ ಕ್ಷಣದಲ್ಲೇ, ಇನ್ನೆರಡು ದಿನ ಅಕ್ಕ ಈ ದಾರಿಯಲ್ಲೇ ಬರುತ್ತಾರೆ ಎಂದು ನನ್ನೊಳಗೆ ಹಿಗ್ಗಾಗಿತ್ತು. ಹಾಗಾದರೆ ಸ್ಲ್ಯಾಬು ಬೇಡವೆಂದದ್ದು ಬಿರುಕಿಗೋ, ಇದಕ್ಕೋ? ಬೇರೆ ಊರಾಗಿದ್ದರೆ ಅದೇ ಸ್ಲ್ಯಾಬನ್ನು ಒಪ್ಪುತ್ತಿದ್ದೆನೇ? ಒಪ್ಪುತ್ತಿರಲಿಲ್ಲ ಎಂದು ನನಗೇ ಹೇಳಿಕೊಂಡೆ, ಆದರೆ ಸಮಾಧಾನವಾಗಲಿಲ್ಲ.

ಮರುದಿನ ಅಕ್ಕ ಬಂದಾಗ ಕುತ್ತಿಗೆ ಒಂದು ಕಡೆಗೆ ಹಿಡಿದಿತ್ತು. ಬುಟ್ಟಿಯನ್ನು ಇಸಿದುಕೊಂಡೆ. ಬೇಡ ಬೇಡವೆಂದರೂ ಬಿಡದೆ ಶಾಲೆಯ ಅಡುಗೆಮನೆಯವರೆಗೂ ಹೊತ್ತು ನಡೆದೆ. ಸವತೆಕಾಯಿ, ಬದನೆಕಾಯಿ, ಕೊತ್ತಂಬರಿ. ದಾರಿಯಲ್ಲಿ ತಡೆಯಲಾಗದೆ ಹೇಳಿಬಿಟ್ಟೆ.

"ಅಕ್ಕಾರ, ಕೆಲಸ ತಡ ಆದದ್ದು ನನ್ನಿಂದ. ನೀವ ಇನ್ನೆರಡ ದಿನ ಬರ್ತೀರಿ ಅಂತ ನನಗ ಒಳಗ ಖುಷೀನೂ ಆತು. ತಪ್ಪ ಮಾಡೀನೇನೋ ಅನಸಾಕತ್ತೈತ್ರಿ."

ಅವರು ನಿಂತರು. "ಬಿರುಕ ಇದ್ದದ್ದು ಖರೇನ?"

"ಖರೇರಿ."

"ಅದರ ಮ್ಯಾಲ ನಮ್ಮ ಹುಡುಗ್ರು ದಿನಾ ಅಡ್ಡಾಡ್ತಾರಿಲ್ಲ?"

"ಹೌದ್ರಿ."

"ಮತ್ತ ಸುಮ್ನ ನಡಿ. ಖುಷಿ ಆದ್ರ ಆಗಲಿ. ಅದನ್ನ್ಯಾಕ ತಪ್ಪ ಅಂತಿ?"

ಅಂದು ಶಾಲೆಯ ಜಗುಲಿಯಲ್ಲಿ ಕೂತು ಬಿಸಿ ಅನ್ನ, ಸಾರು ಉಂಡೆ. ಉಪ್ಪು ನಿಜಕ್ಕೂ ಕಡಿಮೆಯಿತ್ತು. ಹೇಳಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಹೊಸ ಸ್ಲ್ಯಾಬು ಬಂತು. ಕೂಡಿಸಿ, ಸಂದುಗಳಿಗೆ ಬೇಗ ಬಿಗಿಯುವ ಗಾರೆ ತುಂಬಿದೆವು. ಹನ್ನೊಂದನೆಯ ದಿನ ಕಂಬಿ ಜೋಡಿಸಿ ಎರಡೂ ಬದಿಯ ಮಣ್ಣನ್ನು ರೋಲರ್ ಹೊಡೆದು ಮುಗಿಸಿದೆವು. ಮಧ್ಯಾಹ್ನದ ಮೇಲೆ ದಾರಿ ಬಿಟ್ಟಾಗ ಮೊದಲು ಒಂದು ಟ್ರ್ಯಾಕ್ಟರ್ ದಾಟಿತು. ಅದರ ಹಿಂದೆ ಗ್ಯಾಸ್ ಸಿಲಿಂಡರ್, ಅಕ್ಕಿ ಚೀಲ ಹೇರಿಕೊಂಡು ಶಾಲೆಯ ಕಡೆ ಹೊರಟ ಆಟೋ. ಚೀಲಗಳ ನಡುವೆ ಅಕ್ಕ ಕೂತಿದ್ದರು. ನನ್ನನ್ನು ನೋಡಿ ಕೈ ಬೀಸಿ ಏನೋ ಕೂಗಿದರು, ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಆಟೋ ನಿಲ್ಲಲಿಲ್ಲ. ಯಾಕಾದರೂ ನಿಲ್ಲಬೇಕು? ನಿಲ್ಲದೆ ದಾಟಲಿ ಎಂದೇ ಕಟ್ಟಿದ್ದು. ಹಳ್ಳದಲ್ಲಿ ಹುಡುಗರು ಹಲಗೆ ಎತ್ತುತ್ತಿದ್ದರು.

ವಾಪಸ್ ಹೋದ ಸ್ಲ್ಯಾಬನ್ನು ಯಾರ್ಡಿನಲ್ಲಿ ಕೊರೆದು ನೋಡಿದರಂತೆ. ಬಿರುಕು ಒಳಗಿನ ಸರಳಿನವರೆಗೂ ಇಳಿದಿತ್ತು. ಮುಖ್ಯಸ್ಥರೇ ಫೋನ್ ಮಾಡಿ, "ನೀವ ಹೇಳಿದ್ದ ಬರೋಬ್ಬರಿ ಇತ್ತು ಮೇಡಂ," ಅಂದರು. ನಾನಾಗ ಕುಷ್ಟಗಿಯ ಆಚೆ ಇನ್ನೊಂದು ಹಳ್ಳದ ದಂಡೆಯಲ್ಲಿದ್ದೆ. ಸಂತೋಷವಾಯಿತು. ಯಾರಿಗೆ ಹೇಳುವುದೆಂದು ಸುತ್ತ ನೋಡಿದೆ.

ನಾಲ್ಕೈದು ತಿಂಗಳ ಮೇಲೆ ಒಂದು ರಜೆಯ ದಿನ ಬಸ್ಸು ಹಿಡಿದು ಆ ಊರಿಗೆ ಹೋದೆ. ಬಸ್ಸು ಸೇತುವೆ ದಾಟಿದ್ದು ನನಗಲ್ಲದೆ ಒಳಗಿದ್ದ ಯಾರಿಗೂ ಗೊತ್ತಾದಂತಿರಲಿಲ್ಲ. ಶಾಲೆಯಲ್ಲಿ ಅಕ್ಕ ಮಕ್ಕಳಿಗೆ ಬಡಿಸುತ್ತಿದ್ದರು. ಸೀರೆ ಉಟ್ಟಿದ್ದೆ, ಹೆಲ್ಮೆಟ್ ಇರಲಿಲ್ಲ. "ಯಾರ ಬೇಕಾಗಿತ್ರಿ?" ಎಂದು ಕೇಳಿ ಎರಡು ಸಲ ನೋಡಿದ ಮೇಲೆ, "ಅಯ್ಯ ನನ್ನವ್ವಾ!" ಎಂದು ಸೌಟು ಹಿಡಿದೇ ಬಂದರು. ಆದರೆ ಸಾಲಿನ ತುದಿಯ ಮಕ್ಕಳು ತಟ್ಟೆ ಬಡಿಯುತ್ತಿದ್ದರು. ಹೋಗಿ ಬಂದು, ಹೋಗಿ ಬಂದು ಅವರು ಮಾತಾಡಿದರು. ಬಸ್ಸಿನ ಹೊತ್ತಾಯಿತು. ಫೋನ್ ನಂಬರ್ ಇಸಿದುಕೊಂಡೆ.

ಒಂದು ತಿಂಗಳ ಮೇಲೆ ಆ ನಂಬರಿಗೆ ಮಾಡಿದಾಗ ಎತ್ತಿದ್ದು ಅವರ ಸೊಸೆ. "ಯಾರ್ರಿ?" ಎಂದಳು. ಏನು ಹೇಳಲಿ?

"ನಾ ಬ್ರಿಜ್ಜ ಕಟ್ಟಿದಾಕಿ," ಅಂದೆ.

"ಯಾವ ಬ್ರಿಜ್ಜರಿ?"

"ನಿಮ್ಮೂರ ಹಳ್ಳದ್ದು."

"ಹೌದೇನ್ರಿ? ಅತ್ತಿ ಕುಕನೂರ ಸಂತಿಗೆ ಹೋಗ್ಯಾರ. ಬಂದ ಮ್ಯಾಲ ಹೇಳ್ತೀನ್ರಿ."

ಸಂಜೆ ಅಕ್ಕನೇ ಮಾಡಿದರು. ನಾಲ್ಕು ನಿಮಿಷ ಮಾತಾಡಿದೆವು, ಅರ್ಧ ಬೇಳೆಯ ಬಗ್ಗೆ, ಅರ್ಧ ಅವರ ಕುತ್ತಿಗೆಯ ಬಗ್ಗೆ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬಳಿಗೆ ಸಾಲುವಷ್ಟು ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ.